ಕಷ್ಟ ಕಾಲಕ್ಕೆ ಕೈಗೊಂದು ಕೆಲಸ

ಬೇಜಾರಿನಲ್ಲಿರುವವರಿಗೆ ಸಿಗುವ ಪುಕ್ಕಟೆ ಸಲಹೆಗಳಲ್ಲಿ ಇದೂ ಒಂದು: 'ಒಳಗಿರೋದನ್ನೆಲ್ಲ ಹೊರಗೆ ಹಾಕು. ಚಿತ್ರ ಬರಿ, ಏನಾದ್ರೂ ಗೀಚು, ನೋವನ್ನೆಲ್ಲ ಅದರಲ್ಲಿ ಸುರಿದುಬಿಡು.' ಕೇಳಲು ಚೆನ್ನಾಗಿಯೇ ಇದೆ. ಜೆನಿಫರ್ ಡ್ರೇಕ್ ಮತ್ತು ಎಲೆನ್ ವಿನ್ನರ್ ಎಂಬ ಅಮೆರಿಕದ ಇಬ್ಬರು ಮನಶ್ಶಾಸ್ತ್ರಜ್ಞೆಯರು ಇದು ನಿಜವಾ ಎಂದು ಪರೀಕ್ಷಿಸಿ ನೋಡಿದರು. 6ರಿಂದ 12 ವರ್ಷದ ಮಕ್ಕಳನ್ನು ಕೂರಿಸಿ, ತುಂಬಾ ನಿರಾಸೆಯಾದ ಒಂದು ಘಟನೆಯನ್ನು ನೆನಪು ಮಾಡಿಕೊಳ್ಳಲು ಹೇಳಿದರು. ಆಮೇಲೆ ಕೆಲವರಿಗೆ ಅದೇ ಘಟನೆಯ ಚಿತ್ರ ಬರೆಯಿರಿ ಅಂದರು. ಇನ್ನು ಕೆಲವರಿಗೆ ಸುಮ್ನೆ ಒಂದು ಮನೆಯ ಚಿತ್ರ ಬರೆಯಿರಿ ಅಂದರು. ಜಾಸ್ತಿ ಹಗುರಾದದ್ದು ಮನೆ ಬರೆದ ಮಕ್ಕಳ ಮನಸ್ಸು. ದೊಡ್ಡವರಿಗೆ ದುಃಖದ ಸಿನಿಮಾ ತೋರಿಸಿ ನಡೆಸಿದ ಪ್ರಯೋಗಗಳಲ್ಲೂ ಹೀಗೇ ಆಯಿತು. ದುಃಖವನ್ನೇ ಬರೆದವರಿಗಿಂತ ಬೇರೇನೋ ಬರೆದವರು ಬೇಗ ಸುಧಾರಿಸಿಕೊಂಡರು.

ಹಾಗಂತ ನೋವನ್ನು ಅಕ್ಷರಕ್ಕಿಳಿಸಿ ಹೊರಹಾಕುವುದು ದಂಡ ಅಂತಲ್ಲ. 1986ರಲ್ಲಿ ಮನಶ್ಶಾಸ್ತ್ರಜ್ಞ ಜೇಮ್ಸ್ ಪೆನ್ನೆಬೇಕರ್ ನಡೆಸಿದ ಹೆಸರಾಂತ ಪ್ರಯೋಗದಲ್ಲಿ ವಿದ್ಯಾರ್ಥಿಗಳು ನಾಲ್ಕು ದಿನ ತಮ್ಮ ಬದುಕಿನ ಕಹಿ ಘಟನೆಗಳ ಬಗ್ಗೆ ಬರೆದರು. ಬರೆದ ಹೊತ್ತಿನಲ್ಲಿ ಅವರ ಮನಸ್ಸು ಇನ್ನಷ್ಟು ಕುಗ್ಗಿತು. ಆದರೆ ಮುಂದಿನ ತಿಂಗಳುಗಳಲ್ಲಿ ಅವರು ಡಾಕ್ಟರ ಹತ್ತಿರ ಹೋಗಿದ್ದು ಕಡಿಮೆ. ಅದು ನಿಧಾನವಾಗಿ ಕೆಲಸ ಮಾಡುವ ಮದ್ದು. ಈ ಹೊತ್ತಿಗೆ, ಈ ಸಂಜೆ ಕಳೆಯುವುದು ಹೇಗೆ ಎನ್ನುವ ಪ್ರಶ್ನೆಗೆ ಮನೆಯ ಚಿತ್ರದಂಥ ಕೆಲಸವೇ ಉತ್ತರ.

ಹಳೇ ಕುರ್ಚಿಯ ಪಾಲಿಶ್ ಕೆರೆದು ಹೊಸದಾಗಿ ಬಳಿಯುವುದು, ತುಂಡು ಬಟ್ಟೆ ಸೇರಿಸಿ ಹೊದಿಕೆ ಹೊಲಿಯುವುದು, ಸ್ವೆಟರ್ ಹೆಣೆಯುವುದು, ಗೋಡೆಗೊಂದು ಕಪಾಟು ಕಟ್ಟುವುದು. ಮನೆಯಲ್ಲಿ ಕಾಯಿಲೆಯೋ ಸಾವೋ, ಕೆಲಸ ಹೋದ ಸಂಕಟವೋ ಇರುವಾಗ ಇಂಥದ್ದಕ್ಕೆ ಕೈ ಹಾಕಿದರೆ, 'ಇದಕ್ಕೂ ಅದಕ್ಕೂ ಏನು ಸಂಬಂಧ?' ಎಂದು ಕೇಳುವವರು ಇದ್ದೇ ಇರುತ್ತಾರೆ. ಸಂಬಂಧ ಇಲ್ಲ ಎನ್ನುವುದೇ ಇಂಥ ಕೆಲಸದ ದೊಡ್ಡ ಗುಣ.

ಯಾಕೆ ಅಂತ ತಿಳಿಯಲು ಒಂದು ಭೂಕಂಪದ ಕಡೆ ಹೋಗಬೇಕು. ಮನಶ್ಶಾಸ್ತ್ರಜ್ಞೆ ಸೂಸನ್ ನೋಲೆನ್ ಹೊಕ್ಸೆಮಾ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿಗಳ ಮನಸ್ಥಿತಿಯನ್ನು ಅಳೆದಿಟ್ಟಿದ್ದರು. ಬೇಜಾರಾದಾಗ ನೀವೇನು ಮಾಡುತ್ತೀರಿ ಎಂದೂ ಕೇಳಿದ್ದರು. ಅದಾಗಿ ಎರಡು ವಾರಕ್ಕೆ, 1989ರ ಅಕ್ಟೋಬರ್ 17ರಂದು, ಆ ಪ್ರದೇಶದಲ್ಲಿ ದೊಡ್ಡ ಭೂಕಂಪವಾಯಿತು. ಯಾವ ವಿಜ್ಞಾನಿಯೂ ಯೋಜಿಸಿ ಮಾಡಲಾಗದ ಪ್ರಯೋಗ ತಾನಾಗಿ ನಡೆದುಹೋಯಿತು. ಹತ್ತು ದಿನಕ್ಕೆ ಮತ್ತು ಏಳು ವಾರಕ್ಕೆ ಮತ್ತೆ ಅಳೆದರು. 'ನನಗೇ ಯಾಕೆ ಹೀಗೆ, ಮುಂದೇನು ಗತಿ' ಎಂದು ಮೊದಲಿನಿಂದಲೂ ಮೆಲುಕು ಹಾಕುವ ಅಭ್ಯಾಸ ಇದ್ದವರೇ ಖಿನ್ನತೆಯಲ್ಲಿ ಜಾಸ್ತಿ ಸಿಕ್ಕಿಕೊಂಡಿದ್ದರು.

ಮೆಲುಕು ಹಾಕಬೇಡ ಅಂತ ಹೇಳುವುದು ಸುಲಭ. ಆದರೆ ಖಾಲಿ ಕೂತ ತಲೆ ಅದನ್ನೇ ಮಾಡುತ್ತದೆ. 2010ರಲ್ಲಿ ಮನಶ್ಶಾಸ್ತ್ರಜ್ಞರಾದ ಮ್ಯಾಥ್ಯೂ ಕಿಲ್ಲಿಂಗ್ಸ್‌ವರ್ತ್ ಮತ್ತು ಡೇನಿಯಲ್ ಗಿಲ್ಬರ್ಟ್ 2,250 ಜನರಿಗೆ ದಿನದ ಯಾವ್ಯಾವುದೋ ಹೊತ್ತಲ್ಲಿ ಫೋನಿನಲ್ಲಿ ಸಂದೇಶ ಕಳಿಸಿ, 'ಈಗೇನು ಮಾಡ್ತಿದ್ದೀರಿ, ಮನಸ್ಸು ಎಲ್ಲಿದೆ?' ಎಂದು ಕೇಳಿದರು. ಸುಮಾರು 47 ಶೇಕಡಾ ಸಲ ಮನಸ್ಸು ಮಾಡುತ್ತಿದ್ದ ಕೆಲಸದಲ್ಲಿರಲಿಲ್ಲ. ಹಾಗೆ ಅಲೆಯುವಾಗ ಜನ ಅಷ್ಟೇನೂ ಖುಷಿಯಾಗಿರಲಿಲ್ಲ. ಒಳ್ಳೆಯ ದಿನಗಳಲ್ಲೇ ಹೀಗಾದರೆ ಕಷ್ಟದ ದಿನಗಳಲ್ಲಿ ಅದು ಎಲ್ಲಿಗೆ ಹೋಗಿ ನಿಲ್ಲುತ್ತದೆ ಎಂದು ಹೇಳಬೇಕಾಗಿಲ್ಲ.

ಇಲ್ಲಿ ಕೈಗಳು ಉಪಯೋಗಕ್ಕೆ ಬರುತ್ತವೆ. ಈ ಕ್ಷಣದಲ್ಲಿ ಬೇಕಾದ್ದನ್ನು ಮಾತ್ರ ಹಿಡಿದಿಟ್ಟುಕೊಳ್ಳುವ ಒಂದು ತಾತ್ಕಾಲಿಕ ನೆನಪು ಮಿದುಳಿಗಿದೆ. ಅದರಲ್ಲಿ ಜಾಗ ತುಂಬಾ ಕಡಿಮೆ. ಕಣ್ಣಿಗೆ ಕಟ್ಟುವ ಚಿತ್ರಗಳಿಗೆ ಬೇಕಾದ ಜಾಗವೂ, ಆಕಾರ ಅಳತೆಗಳ ಲೆಕ್ಕಾಚಾರಕ್ಕೆ ಬೇಕಾದ ಜಾಗವೂ ಒಂದೇ. ಮನಶ್ಶಾಸ್ತ್ರಜ್ಞೆ ಎಮಿಲಿ ಹೋಮ್ಸ್ ಅವರ ತಂಡ ಇದನ್ನೇ ಬಳಸಿಕೊಂಡಿತು. ಆಕ್ಸ್‌ಫರ್ಡ್‌ನ ಆಸ್ಪತ್ರೆಯೊಂದರ ತುರ್ತು ವಿಭಾಗಕ್ಕೆ ರಸ್ತೆ ಅಪಘಾತವಾಗಿ ಬಂದ 71 ಜನರಲ್ಲಿ ಕೆಲವರಿಗೆ, ಆರು ಗಂಟೆಯೊಳಗೆ, ನಡೆದದ್ದನ್ನು ಒಮ್ಮೆ ನೆನೆಸಿಕೊಂಡು ಟೆಟ್ರಿಸ್ ಆಡಲು ಕೊಟ್ಟರು. ಮೇಲಿನಿಂದ ಬೀಳುವ ಚೌಕಗಳನ್ನು ತಿರುಗಿಸಿ ಕೂರಿಸುವ ಅದೇ ಹಳೇ ಆಟ. ಮುಂದಿನ ವಾರದಲ್ಲಿ ಅವರಿಗೆ ಅಪಘಾತದ ದೃಶ್ಯಗಳು ಕರೆಯದೆ ನುಗ್ಗಿ ಬಂದದ್ದು ಉಳಿದವರಿಗಿಂತ 62 ಶೇಕಡಾ ಕಡಿಮೆ. ಈ ಫಲಿತಾಂಶ 2017ರಲ್ಲಿ ಪ್ರಕಟವಾಯಿತು. ಹೊದಿಕೆಗೆ ಬಟ್ಟೆಯ ತುಂಡುಗಳನ್ನು ತಿರುಗಿಸಿ ಜೋಡಿಸುವಾಗಲೂ ತಲೆಯೊಳಗೆ ಇದೇ ಜಾಗಕ್ಕೆ ಪೈಪೋಟಿ ನಡೆಯುತ್ತದೆ ಎಂದು ಊಹಿಸಲು ಅಡ್ಡಿಯಿಲ್ಲ.

ಆ ಹಳೇ ಕುರ್ಚಿಯನ್ನೇ ಸ್ವಲ್ಪ ಹತ್ತಿರದಿಂದ ನೋಡೋಣ. ಮೊದಲು 80ನೇ ನಂಬರಿನ ಒರಟು ಉಪ್ಪು ಕಾಗದ. ಹಳೇ ಪಾಲಿಶ್ ಪುಡಿಯಾಗಿ ಕಾಗದಕ್ಕೆ ಮೆತ್ತಿಕೊಳ್ಳುತ್ತದೆ. ಆಗಾಗ ತಟ್ಟಿ ಉದುರಿಸಬೇಕು. ಆಮೇಲೆ 120, ಕೊನೆಗೆ 220. ಮರದ ಎಳೆ ಹೋದ ದಿಕ್ಕಿನಲ್ಲೇ ಉಜ್ಜಬೇಕು. ಅಡ್ಡಡ್ಡ ಉಜ್ಜಿದರೆ ಗೀರು ಬಿದ್ದು, ಬಣ್ಣ ಬಳಿದ ಮೇಲೆ ಎದ್ದು ಕಾಣುತ್ತದೆ. ನಡುವೆ ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಮರದ ಸಣ್ಣ ನಾರುಗಳು ಎದ್ದು ನಿಲ್ಲುತ್ತವೆ. ಒಣಗಿದ ಮೇಲೆ ಮತ್ತೆ ಉಜ್ಜಬೇಕು. ನುಣುಪು ಬಂತಾ ಇಲ್ಲವಾ ಎಂದು ಹೇಳುವುದು ಕಣ್ಣಿಗಿಂತ ಬೆರಳು. ಬೆರಳ ತುದಿಯ ಸೂಕ್ಷ್ಮ ಎಷ್ಟು ಗೊತ್ತಾ? ಸ್ವೀಡನ್ನಿನ ವಿಜ್ಞಾನಿಗಳು 2013ರಲ್ಲಿ ತೋರಿಸಿದ ಪ್ರಕಾರ, ಕೇವಲ 13 ನ್ಯಾನೋಮೀಟರ್ ಎತ್ತರದ ಸುಕ್ಕುಗಳಿರುವ ಮೇಲ್ಮೈಯನ್ನೂ ನುಣ್ಣನೆಯ ಮೇಲ್ಮೈಯನ್ನೂ ಬೆರಳು ಬೇರೆ ಬೇರೆ ಎಂದು ಗುರುತಿಸಬಲ್ಲದು. ಕೂದಲಿನ ದಪ್ಪದ ಸಾವಿರದ ಒಂದು ಪಾಲಿಗಿಂತಲೂ ಕಡಿಮೆ ಅದು! ಇಷ್ಟು ಚುರುಕಾದ ಅಂಗಕ್ಕೆ ದಿನವಿಡೀ ಫೋನಿನ ಗಾಜು ಸವರುವ ಕೆಲಸ ಕೊಟ್ಟಿದ್ದೇವೆ, ಇರಲಿ.

ಇಲ್ಲಿ ಗಮನಿಸಬೇಕಾದ್ದು, ಉಜ್ಜಿದ ಪ್ರತಿ ಸಲಕ್ಕೂ ಮರ ಉತ್ತರ ಕೊಡುತ್ತದೆ. ಉಜ್ಜಿದರೆ ನುಣುಪಾಗುತ್ತದೆ, ಬಿಟ್ಟರೆ ಇಲ್ಲ. ಕಷ್ಟ ಕಾಲದಲ್ಲಿ ಕಾಣೆಯಾಗುವುದು ಇದೇ. ಆಸ್ಪತ್ರೆಯ ರಿಪೋರ್ಟು ನಾವು ಎಷ್ಟು ಒದ್ದಾಡಿದರೂ ಬರುವಾಗಲೇ ಬರುತ್ತದೆ. ಅರ್ಜಿ ಹಾಕಿದ ಕಡೆಯಿಂದ ಉತ್ತರವೇ ಇಲ್ಲ. ನಾವು ಮಾಡುವುದಕ್ಕೂ ಆಗುವುದಕ್ಕೂ ನಡುವಿನ ದಾರ ಕಡಿದುಹೋಗಿರುತ್ತದೆ.

ಈ ದಾರ ಕಡಿದರೆ ಏನಾಗುತ್ತದೆ ಎಂದು 1967ರಲ್ಲಿ ಮನಶ್ಶಾಸ್ತ್ರಜ್ಞರಾದ ಮಾರ್ಟಿನ್ ಸೆಲಿಗ್‌ಮನ್ ಮತ್ತು ಸ್ಟೀವನ್ ಮೇಯರ್ ನಾಯಿಗಳ ಮೇಲೆ ನೋಡಿದರು. ಕ್ರೂರ ಪ್ರಯೋಗವೇ, ಅದರಲ್ಲಿ ಅನುಮಾನ ಬೇಡ. ಎರಡು ಗುಂಪಿನ ನಾಯಿಗಳಿಗೆ ಒಂದೇ ಪ್ರಮಾಣದ ವಿದ್ಯುತ್ ಆಘಾತ. ಒಂದು ಗುಂಪಿನ ನಾಯಿ ತಲೆಯಿಂದ ಫಲಕ ಒತ್ತಿದರೆ ಆಘಾತ ನಿಲ್ಲುತ್ತದೆ. ಇನ್ನೊಂದು ಗುಂಪಿನದು ಏನು ಮಾಡಿದರೂ ನಿಲ್ಲದು. ಆಮೇಲೆ ಸುಲಭವಾಗಿ ತಪ್ಪಿಸಿಕೊಳ್ಳುವ ದಾರಿ ಕೊಟ್ಟರೂ ಎರಡನೇ ಗುಂಪಿನ ಬಹುಪಾಲು ನಾಯಿಗಳು ಸುಮ್ಮನೆ ಬಿದ್ದುಕೊಂಡವು. ಅಸಹಾಯಕತೆಯನ್ನು ಅವು ಕಲಿತಿವೆ ಎಂದೇ ಬಹಳ ಕಾಲ ಎಲ್ಲರೂ ನಂಬಿದ್ದರು. ಐವತ್ತು ವರ್ಷ ಮಿದುಳನ್ನು ಬಗೆದು ನೋಡಿದ ಮೇಲೆ, 2016ರಲ್ಲಿ, ಅದೇ ಇಬ್ಬರು ತಮ್ಮ ಮಾತನ್ನು ತಿರುಗಿಸಿ ಹೇಳಿದರು. ದೀರ್ಘ ಸಂಕಟ ಎದುರಾದಾಗ ಕೈಚೆಲ್ಲುವುದು ಮಿದುಳಿನ ಹುಟ್ಟುಗುಣ. ಅದನ್ನು ಕಲಿಯಬೇಕಿಲ್ಲ. ಕಲಿಯಬೇಕಾದ್ದು 'ನನ್ನ ಕೈಯಲ್ಲಿ ಏನೋ ಇದೆ' ಎನ್ನುವುದನ್ನು. ಮಿದುಳಿನ ಮುಂಭಾಗದ ಒಂದು ಪ್ರದೇಶ ಹಿಡಿತ ಇರುವುದನ್ನು ಪತ್ತೆ ಹಚ್ಚಿ, ಕೆಳಗಿನ ಗಾಬರಿಯ ಕೇಂದ್ರವನ್ನು ಅಡಗಿಸುತ್ತದೆ. ಪ್ರಾಣಿಗಳಲ್ಲಿ ಹೀಗೆ ಒಮ್ಮೆ ಸಿಕ್ಕ ಹಿಡಿತ ಮುಂದಿನ ಬೇರೆ ಸಂಕಟದಲ್ಲೂ ಕಾಪಾಡಿದ್ದು ಕಂಡಿದೆ. ಪ್ರಯೋಗಾಲಯದ ಪ್ರಾಣಿಯಿಂದ ಹೆಣಿಗೆ ಕಡ್ಡಿಗೆ ನೇರ ಗೆರೆ ಎಳೆಯುವುದು ಅವಸರವಾದೀತು. ಆದರೂ ಸಮಾಧಾನದ ಮೂಲ ಇಲ್ಲೇ ಎಲ್ಲೋ ಇದೆ ಎಂಬುದು ನನ್ನ ಅಂದಾಜು. ಮಾಡಿದ ವಸ್ತು ಚೆಂದ ಇದೆಯಾ ಎನ್ನುವುದು ಆಮೇಲಿನ ಮಾತು.

1941ರಲ್ಲಿ ಜರ್ಮನ್ನರ ಕೈಗೆ ಸೆರೆ ಸಿಕ್ಕ ಬ್ರಿಟಿಷ್ ಸೇನಾಧಿಕಾರಿ ಅಲೆಕ್ಸಿಸ್ ಕಾಸ್ಡಾಗ್ಲಿ ಅವರದ್ದು ಇದಕ್ಕೆ ಹೇಳಿ ಮಾಡಿಸಿದ ಕಥೆ. ಯಾವ ಹಿಡಿತವೂ ಇಲ್ಲದ ಜಾಗ ಅದು. ಸಹಕೈದಿಯೊಬ್ಬರು ಕೊಟ್ಟ ಕ್ಯಾನ್ವಾಸ್ ತುಂಡಿನ ಮೇಲೆ, ಹರಿದ ಸ್ವೆಟರಿನಿಂದ ಬಿಚ್ಚಿದ ದಾರದಲ್ಲಿ ಅವರು ಕಸೂತಿ ಹಾಕಿದರು. ಸುತ್ತಲಿನ ಅಂಚಿಗೆ ಚುಕ್ಕಿ, ಗೆರೆ, ಚುಕ್ಕಿ. ನೋಡಲು ಅಲಂಕಾರ. ಓದಬಲ್ಲವರಿಗೆ ಮೋರ್ಸ್ ಸಂಕೇತದಲ್ಲಿ ತಮ್ಮ ರಾಜನಿಗೆ ಜೈ, ಹಿಟ್ಲರ್‌ಗೆ ಒಂದು ಕೆಟ್ಟ ಬೈಗುಳ. ಕಾವಲಿನವರಿಗೆ ಗೊತ್ತೇ ಆಗಲಿಲ್ಲ. ಮೆಚ್ಚಿ ಪ್ರದರ್ಶನಕ್ಕೂ ಇಟ್ಟರು! ಕಾಸ್ಡಾಗ್ಲಿ ಮುಂದೆ ವರ್ಷಗಟ್ಟಲೆ ಸೆರೆಯಲ್ಲೇ ಹೊಲಿಯುತ್ತಾ ಕಳೆದರು.

ಇಂಥ ಕೆಲಸ ಹಿಡಿಯಲು ಕೈಚಳಕ ಬೇಕಾ? ಅಮೆರಿಕದ ಸಂಶೋಧಕಿ ಗಿರಿಜಾ ಕೈಮಲ್ 2016ರಲ್ಲಿ 39 ಜನರಿಗೆ ಮಣ್ಣು, ಬಣ್ಣದ ಪೆನ್ನು, ಅಂಟಿಸುವ ಕಾಗದ ಕೊಟ್ಟು 45 ನಿಮಿಷ ಬಿಟ್ಟರು. ಸುಮಾರು 75 ಶೇಕಡಾ ಜನರ ಎಂಜಲಿನಲ್ಲಿ ಒತ್ತಡದ ಹಾರ್ಮೋನು ಕಾರ್ಟಿಸಾಲ್ ಇಳಿದಿತ್ತು. ಮೊದಲೇ ಅಭ್ಯಾಸ ಇದ್ದವರಿಗೂ ಇಲ್ಲದವರಿಗೂ ಹೇಳಿಕೊಳ್ಳುವ ವ್ಯತ್ಯಾಸ ಇರಲಿಲ್ಲ. ಹೋಲಿಕೆಗೆ ಸುಮ್ಮನೆ ಕೂತ ಇನ್ನೊಂದು ಗುಂಪು ಇರಲಿಲ್ಲ, ಹಾಗಾಗಿ ಇದನ್ನು ಉಪ್ಪು ಖಾರ ಹಚ್ಚಿ ಹೇಳುವುದು ಬೇಡ. ಇದಕ್ಕಿಂತ ನನಗೆ ಗಟ್ಟಿ ಅನಿಸಿದ್ದು ನ್ಯೂಜಿಲೆಂಡಿನ ಟ್ಯಾಮ್ಲಿನ್ ಕಾನರ್ ತಂಡದ ಅಧ್ಯಯನ. 658 ಯುವಜನರು 13 ದಿನ ಡೈರಿ ಬರೆದರು. ಏನಾದರೂ ಸೃಷ್ಟಿಸಿದ ದಿನದ ಮರುದಿನ ಅವರ ಉತ್ಸಾಹ ಹೆಚ್ಚಿತ್ತು. ಉಲ್ಟಾ ಅಲ್ಲ. ಉತ್ಸಾಹ ಇದ್ದ ದಿನದ ಮರುದಿನ ಸೃಷ್ಟಿ ಹೆಚ್ಚಲಿಲ್ಲ.

ಒಂದು ಎಚ್ಚರಿಕೆ ಬೇಕು. ಮೈಕಲ್ ನಾರ್ಟನ್ ಮತ್ತು ಸಂಗಡಿಗರು 2012ರಲ್ಲಿ ತೋರಿಸಿದಂತೆ, ತಾನೇ ಜೋಡಿಸಿದ ಸಾದಾ ಪೆಟ್ಟಿಗೆಗೂ ಮನುಷ್ಯ ಹೆಚ್ಚು ಬೆಲೆ ಕಟ್ಟುತ್ತಾನೆ. ಅರ್ಧಕ್ಕೆ ನಿಂತರೆ ಆ ಮೋಹ ಇರುವುದಿಲ್ಲ. ಸೋತು ಸುಣ್ಣವಾದ ಹೊತ್ತಿನಲ್ಲಿ ಇಡೀ ಅಡುಗೆಮನೆ ಕಿತ್ತು ಕಟ್ಟಲು ಹೊರಡುವುದು ಜಾಣತನವಲ್ಲ. ವಾರದಲ್ಲಿ ಮುಗಿಯುವಂಥದ್ದು ಇರಲಿ. ತೀರಾ ಸುಲಭವಾದರೂ ಕಷ್ಟ, ಕೈ ಆಡುತ್ತಿದ್ದರೂ ಮನಸ್ಸು ಮತ್ತೆ ಮೆಲುಕಿಗೆ ಕೂರುತ್ತದೆ.

ಸಾವಿನ ಮನೆಯಲ್ಲಿ ಬಣ್ಣ ಬಳಿಯುತ್ತಾ ಕೂತವರಿಗೆ ಒಳಗೊಳಗೇ ಒಂದು ಅಪರಾಧಿ ಭಾವ ಕಾಡುತ್ತದೆ. ಇದು ಪಲಾಯನ ಅಲ್ವಾ ಅಂತ. ದುಃಖದ ಅಧ್ಯಯನ ಮಾಡಿದ ಮಾರ್ಗರೆಟ್ ಸ್ಟ್ರೋಬ್ ಮತ್ತು ಹೆಂಕ್ ಶಟ್ 1999ರಲ್ಲೇ ಇದಕ್ಕೆ ಉತ್ತರ ಕೊಟ್ಟಿದ್ದಾರೆ. ಅಗಲಿಕೆಯನ್ನು ನೆನೆದು ಅಳುವುದು, ಬದುಕಿನ ಬೇರೆ ಕೆಲಸಕ್ಕೆ ತಿರುಗುವುದು, ಮತ್ತೆ ಅಳುವುದು. ಈ ಓಲಾಟವೇ ಚೇತರಿಕೆ. ಒಂದೇ ಕಡೆ ಸಿಕ್ಕಿಕೊಂಡರೆ ತೊಂದರೆ.

ಇಷ್ಟಾಗಿಯೂ ಕುರ್ಚಿ ಸಾಲ ತೀರಿಸುವುದಿಲ್ಲ. ಒಂಟಿತನವನ್ನೂ ಕಳೆಯಲಿಕ್ಕಿಲ್ಲ. ಬ್ರಿಟನ್ನಿನ 7,182 ಜನರ ಮಾಹಿತಿ ಜಾಲಾಡಿ 2024ರಲ್ಲಿ ಬಂದ ಅಧ್ಯಯನದಲ್ಲಿ, ಕರಕುಶಲ ಕೆಲಸ ಮಾಡುವವರಿಗೆ ಬದುಕಿಗೆ ಅರ್ಥವಿದೆ ಎನ್ನುವ ಭಾವ ಹೆಚ್ಚಿತ್ತು. ಒಂಟಿತನದಲ್ಲಿ ಮಾತ್ರ ಫರಕು ಕಾಣಲಿಲ್ಲ. ಇನ್ನು, ವಾರಗಟ್ಟಲೆ ಹಾಸಿಗೆ ಬಿಟ್ಟು ಏಳಲೂ ಆಗದ ಸ್ಥಿತಿ ಇದ್ದರೆ ಅದು ಹವ್ಯಾಸದಿಂದ ಸರಿಹೋಗುವಂಥದ್ದಲ್ಲ, ಡಾಕ್ಟರನ್ನು ಕಾಣಬೇಕು. ಅಲ್ಲಿಯೂ ಚಟುವಟಿಕೆಗೆ ಜಾಗ ಇದೆ. ಮನಸ್ಸು ಬರಲಿ ಎಂದು ಕಾಯದೆ, ಹೊತ್ತು ಗೊತ್ತು ಮಾಡಿಕೊಂಡು ಸಣ್ಣ ಸಣ್ಣ ಕೆಲಸಗಳನ್ನು ಮಾಡಿಸುವ ಚಿಕಿತ್ಸೆಯೊಂದಿದೆ. ಇಂಗ್ಲೆಂಡಿನಲ್ಲಿ ಖಿನ್ನತೆಯ 440 ರೋಗಿಗಳಲ್ಲಿ ಅದನ್ನು ಮಾತಿನ ಚಿಕಿತ್ಸೆಯ ಜೊತೆ ಹೋಲಿಸಿ ನೋಡಿದರು. ಚಟುವಟಿಕೆಯ ಚಿಕಿತ್ಸೆ ಕೊಟ್ಟವರು ಕಿರಿಯ ಆರೋಗ್ಯ ಕಾರ್ಯಕರ್ತರು, ಮಾತಿನ ಚಿಕಿತ್ಸೆ ಕೊಟ್ಟವರು ನುರಿತ ಚಿಕಿತ್ಸಕರು. 2016ರಲ್ಲಿ ಬಂದ ಫಲಿತಾಂಶದ ಪ್ರಕಾರ, ಒಂದು ವರ್ಷದ ನಂತರ ಎರಡೂ ಗುಂಪಿನವರ ಚೇತರಿಕೆ ಹೆಚ್ಚುಕಡಿಮೆ ಒಂದೇ. ಖರ್ಚು ಮಾತ್ರ ಮೊದಲನೆಯದಕ್ಕೆ ಕಡಿಮೆ.