ಒಂದೇ ಋತುವಿನ ‘ಟೀಮ್ ಅಮೆರಿಕ’: ರಾಷ್ಟ್ರ ತಂಡ ಕ್ಲಬ್ ಆಗಲು ಹೊರಟ ಕಥೆ

ರಣಜಿ ಟ್ರೋಫಿಯಲ್ಲಿ ಕರ್ನಾಟಕ, ಮುಂಬೈ, ತಮಿಳುನಾಡುಗಳ ಜೊತೆ ‘ಭಾರತ’ ಎಂಬ ಇನ್ನೊಂದು ತಂಡವೂ ಆಡಿ, ಕೊನೆಗೆ ಪಟ್ಟಿಯ ತಳ ಸೇರಿತು ಎಂದುಕೊಳ್ಳಿ. 1983ರಲ್ಲಿ ಅಮೆರಿಕದ ಫುಟ್‌ಬಾಲ್‌ನಲ್ಲಿ ನಡೆದದ್ದು ಹೆಚ್ಚುಕಡಿಮೆ ಇದೇ. ತಂಡದ ಹೆಸರು ಟೀಮ್ ಅಮೆರಿಕ, ನೆಲೆ ವಾಷಿಂಗ್ಟನ್, ಆಯುಷ್ಯ ಒಂದೇ ಋತು. ಆಡಿದ 30 ಪಂದ್ಯಗಳಲ್ಲಿ ಗೆದ್ದದ್ದು 10, ಸೋತದ್ದು 20. ಹನ್ನೆರಡು ತಂಡಗಳ ಲೀಗ್‌ನಲ್ಲಿ ಅದಕ್ಕಿಂತ ಕೆಳಗೆ ಯಾರೂ ಇರಲಿಲ್ಲ.

ಇಂಥ ವಿಚಿತ್ರ ಯೋಜನೆ ಹುಟ್ಟಿದ್ದು ಎರಡು ಸಂಕಟಗಳಿಂದ. ಮೊದಲನೆಯದು ನಾರ್ತ್ ಅಮೆರಿಕನ್ ಸಾಕರ್ ಲೀಗ್‌ನದು. 1968ರಲ್ಲಿ ಶುರುವಾದ ಈ ಲೀಗ್‌ಗೆ ರಂಗು ಬಂದದ್ದು 1975ರಲ್ಲಿ ಪೆಲೆ ನ್ಯೂಯಾರ್ಕ್ ಕಾಸ್ಮೋಸ್ ಸೇರಿದ ಮೇಲೆ. ಬೆಕೆನ್‌ಬಾವರ್ ಬಂದರು, ಕ್ರೈಫ್ ಬಂದರು, ತಂಡಗಳ ಸಂಖ್ಯೆ 24ಕ್ಕೆ ಏರಿತು. ಆದಾಯ ಮಾತ್ರ ಸಂಬಳದ ವೇಗದಲ್ಲಿ ಏರಲಿಲ್ಲ. 1982ಕ್ಕೆ ಉಳಿದದ್ದು 14 ತಂಡಗಳು. ಸ್ವತಃ ಕ್ರೈಫ್ ಆಡಿದ್ದ ವಾಷಿಂಗ್ಟನ್ ಡಿಪ್ಲೊಮ್ಯಾಟ್ಸ್ 1981ರಲ್ಲೇ ಬಾಗಿಲು ಹಾಕಿತ್ತು.

ಎರಡನೆಯ ಸಂಕಟ ರಾಷ್ಟ್ರ ತಂಡದ್ದು. ಅಮೆರಿಕ ವಿಶ್ವಕಪ್‌ನಲ್ಲಿ ಕೊನೆಯ ಬಾರಿ ಆಡಿದ್ದು 1950ರಲ್ಲಿ. ಆಟಗಾರರು ಒಟ್ಟಿಗೆ ಸೇರುತ್ತಿದ್ದುದೇ ಅಪರೂಪ. 1983ರ ಇಡೀ ವರ್ಷದಲ್ಲಿ ರಾಷ್ಟ್ರ ತಂಡ ಆಡಿದ ಅಧಿಕೃತ ಅಂತರರಾಷ್ಟ್ರೀಯ ಪಂದ್ಯ ಒಂದೇ ಒಂದು, ಹೈಟಿ ವಿರುದ್ಧ. ಒಟ್ಟಿಗೆ ಆಡದವರು ತಂಡವಾಗುವುದಾದರೂ ಹೇಗೆ?

ಲೀಗ್‌ನ ಮುಖ್ಯಸ್ಥ ಹೊವಾರ್ಡ್ ಸ್ಯಾಮುಯೆಲ್ಸ್ ಈ ಎರಡೂ ರೋಗಕ್ಕೆ ಒಂದೇ ಮದ್ದು ಕಂಡುಕೊಂಡರು. ದೇಶದ ಅತ್ಯುತ್ತಮ ಆಟಗಾರರನ್ನು ಒಂದೇ ತಂಡದಲ್ಲಿ ಸೇರಿಸಿ ಲೀಗ್‌ಗೆ ಇಳಿಸುವುದು. ವರ್ಷವಿಡೀ ಜೊತೆಗಿದ್ದರೆ ರಾಷ್ಟ್ರ ತಂಡವೂ ಗಟ್ಟಿಯಾಗುತ್ತದೆ, ದೇಶಾಭಿಮಾನದಿಂದ ಜನರೂ ಬರುತ್ತಾರೆ ಎಂಬ ಎಣಿಕೆ. ಸಮಯವೂ ಅನುಕೂಲವಾಗಿ ಕಂಡಿತು. 1986ರ ವಿಶ್ವಕಪ್ ಆತಿಥ್ಯದಿಂದ ಕೊಲಂಬಿಯ 1982ರ ಅಕ್ಟೋಬರ್‌ನಲ್ಲಿ ಹಿಂದೆ ಸರಿದಿತ್ತು, ಆ ಜಾಗಕ್ಕೆ ಅಮೆರಿಕ ಕೈಚಾಚಿತ್ತು. ನ್ಯೂಯಾರ್ಕ್‌ನ ಉದ್ಯಮಿ ರಾಬರ್ಟ್ ಲಿಫ್ಟನ್ ತಂಡಕ್ಕೆ ಹಣ ಹೂಡಿದರು. ಗ್ರೀಸ್ ತಂಡವನ್ನು 1980ರ ಯೂರೋ ಕಪ್‌ಗೆ ಕೊಂಡೊಯ್ದಿದ್ದ ಅಲ್ಕಿಸ್ ಪನಗುಲಿಯಾಸ್ ಕೋಚ್ ಆದರು.

ತೊಡಕು ಶುರುವಾದದ್ದು ಆಟಗಾರರನ್ನು ಕರೆದಾಗ. ಅಂಕಣದಲ್ಲಿ ಕನಿಷ್ಠ ಇಷ್ಟು ಮಂದಿ ಉತ್ತರ ಅಮೆರಿಕದವರು ಇರಲೇಬೇಕು ಎಂಬ ನಿಯಮ ಲೀಗ್‌ನಲ್ಲಿತ್ತು. ಹಾಗಾಗಿ ಒಳ್ಳೆಯ ಅಮೆರಿಕನ್ ಆಟಗಾರ ಪ್ರತಿ ಕ್ಲಬ್‌ಗೂ ಅಮೂಲ್ಯ. ಅಂಥವನನ್ನು ಬಿಟ್ಟುಕೊಡಿ, ನಾಳೆ ಅವನ ವಿರುದ್ಧವೇ ಆಡಿ ಎಂದರೆ ಯಾರಿಗೆ ರುಚಿಸೀತು? ಆಟಗಾರರಿಗೂ ಅಷ್ಟೇನೂ ರುಚಿಸಲಿಲ್ಲ. ಆಗಿನ ಅಮೆರಿಕನ್ ಫುಟ್‌ಬಾಲ್‌ನ ಮುಖವೇ ಆಗಿದ್ದ ರಿಕ್ ಡೇವಿಸ್ ಕಾಸ್ಮೋಸ್ ಬಿಟ್ಟು ಬರಲು ಒಪ್ಪಲಿಲ್ಲ. ಅವರನ್ನು ದೂರುವುದು ಕಷ್ಟ. ಜಗತ್ತಿನ ದೊಡ್ಡ ಆಟಗಾರರ ಪಕ್ಕದಲ್ಲಿ ನಿಂತು ಕಲಿಯುವ ಅವಕಾಶವನ್ನು, ನಾಳೆ ಇರುತ್ತದೋ ಇಲ್ಲವೋ ತಿಳಿಯದ ತಂಡಕ್ಕಾಗಿ ಯಾರು ಬಿಟ್ಟಾರು? ಕಾಸ್ಮೋಸ್‌ನಿಂದ ರಕ್ಷಣಾ ಆಟಗಾರ ಜೆಫ್ ಡರ್ಗನ್ ಬಂದರು. ಉಳಿದ ಜಾಗಗಳಿಗೆ ಇಂಗ್ಲೆಂಡ್‌ನಲ್ಲಿ ಹುಟ್ಟಿದ ಅಲನ್ ಮೆರಿಕ್‌ರಂಥ ಅನುಭವಿಗಳೂ ಬೇಕಾದರು. ಹೆಸರು ದೇಶದ್ದಾದರೂ ಇದು ದೇಶದ ಪೂರ್ಣಬಲದ ತಂಡ ಆಗಲೇ ಇಲ್ಲ.

ಋತು ಶುರುವಾದ ಕೆಲವೇ ವಾರಗಳಲ್ಲಿ, 1983ರ ಮೇ ತಿಂಗಳಲ್ಲಿ, ಫಿಫಾ ವಿಶ್ವಕಪ್ಪನ್ನು ಮೆಕ್ಸಿಕೊಗೆ ಕೊಟ್ಟಿತು. ಅಮೆರಿಕದ ಪರ ಮಾಜಿ ವಿದೇಶಾಂಗ ಸಚಿವ ಹೆನ್ರಿ ಕಿಸಿಂಜರ್ ವಕಾಲತ್ತು ವಹಿಸಿದ್ದೂ ಫಲ ಕೊಡಲಿಲ್ಲ. ತಂಡದ ಬೆನ್ನಿಗಿದ್ದ ದೊಡ್ಡ ಕನಸು ಅಲ್ಲಿಗೇ ಮುಗಿಯಿತು.

ಆದರೂ ಜೂನ್‌ನಲ್ಲಿ ಫೋರ್ಟ್ ಲಾಡರ್‌ಡೇಲ್ ಸ್ಟ್ರೈಕರ್ಸ್ ವಿರುದ್ಧದ ಪಂದ್ಯಕ್ಕೆ ವಾಷಿಂಗ್ಟನ್‌ನ ಆರ್‌ಎಫ್‌ಕೆ ಕ್ರೀಡಾಂಗಣದಲ್ಲಿ 50 ಸಾವಿರಕ್ಕೂ ಹೆಚ್ಚು ಜನ ಸೇರಿದ್ದರು. ಗುಟ್ಟೇನೆಂದರೆ, ಆ ಟಿಕೆಟ್‌ಗೆ ಬೀಚ್ ಬಾಯ್ಸ್ ತಂಡದ ಸಂಗೀತ ಕಛೇರಿಯೂ ಉಚಿತವಾಗಿತ್ತು. ಎಷ್ಟು ಜನ ಚೆಂಡು ನೋಡಲು ಬಂದಿದ್ದರು, ಎಷ್ಟು ಜನ ಹಾಡು ಕೇಳಲು ಎಂದು ಲೆಕ್ಕ ಹಾಕುವ ಅಗತ್ಯವಿಲ್ಲ. ಮುಂದಿನ ಪಂದ್ಯಗಳ ಖಾಲಿ ಕುರ್ಚಿಗಳು ಅದನ್ನು ಹೇಳಿದವು.

ಆ ಲೀಗ್‌ನಲ್ಲಿ ಡ್ರಾ ಎಂಬುದೇ ಇರಲಿಲ್ಲ. ಹೆಚ್ಚುವರಿ ಸಮಯದಲ್ಲೂ ಸಮಬಲವಾದರೆ ಶೂಟೌಟ್. ಪೆನಾಲ್ಟಿಯಂತೆ ನಿಂತಲ್ಲಿಂದ ಒದೆಯುವುದಲ್ಲ. ಗೋಲಿನಿಂದ 35 ಗಜ ದೂರದಿಂದ ಚೆಂಡಿನೊಡನೆ ಓಡಿ, ಎದುರಿಗೆ ನುಗ್ಗಿ ಬರುವ ಗೋಲ್‌ಕೀಪರ್‌ನನ್ನು ಐದು ಸೆಕೆಂಡಿನೊಳಗೆ ವಂಚಿಸಬೇಕು. ನೋಡಲು ಮಜಾ ಇತ್ತು, ನಿಜ. ಆದರೆ ಅಂತರರಾಷ್ಟ್ರೀಯ ಪಂದ್ಯಗಳಿಗೆ ತಂಡವನ್ನು ಸಜ್ಜುಗೊಳಿಸಬೇಕಾದ ಕೋಚ್‌ಗೆ ಜಗತ್ತಿನ ಬೇರೆಲ್ಲೂ ಇಲ್ಲದ ಈ ನಿಯಮಗಳಿಂದ ಸಿಕ್ಕ ಲಾಭ ಅಷ್ಟಕ್ಕಷ್ಟೇ. ತಂಡಕ್ಕೆ ನಿಜವಾಗಿ ಕೊರತೆಯಿದ್ದದ್ದು ಗೋಲು ಹೊಡೆಯುವವರದು. ಬೇರೆ ಕ್ಲಬ್‌ಗಳಲ್ಲಿ ಆ ಕೆಲಸಕ್ಕೆ ವಿದೇಶಿಯರಿದ್ದರು, ಇಲ್ಲಿ ಅವರಿಗೆ ಜಾಗವೇ ಇರಲಿಲ್ಲ. ಋತುವಿನ ಎರಡನೇ ಭಾಗದಲ್ಲಂತೂ ಸೋಲಿನ ಸರಮಾಲೆ.

ಋತು ಮುಗಿದೊಡನೆ ತಂಡವನ್ನು ಮುಚ್ಚಲಾಯಿತು. ಡರ್ಗನ್ ಕಾಸ್ಮೋಸ್‌ಗೆ ಮರಳಿದರು. 1984ರಲ್ಲಿ ಒಂಬತ್ತು ತಂಡಗಳೊಡನೆ ತೆವಳಿದ ಲೀಗ್ ಕೂಡ ಆಮೇಲೆ ಉಸಿರು ನಿಲ್ಲಿಸಿತು. ಪನಗುಲಿಯಾಸ್ ರಾಷ್ಟ್ರ ತಂಡದ ಕೋಚ್ ಆಗಿ ಮುಂದುವರಿದರು. 1985ರ ಮೇ 31ರಂದು ಕ್ಯಾಲಿಫೋರ್ನಿಯಾದ ಟಾರೆನ್ಸ್‌ನಲ್ಲಿ ಕೋಸ್ಟರಿಕ ವಿರುದ್ಧ ಡ್ರಾ ಸಾಕಿತ್ತು. ಅಮೆರಿಕ 0–1ರಿಂದ ಸೋತು ವಿಶ್ವಕಪ್ ಅರ್ಹತಾ ಹಾದಿಯಿಂದ ಹೊರಬಿತ್ತು.

ಸ್ಯಾಮುಯೆಲ್ಸ್ ಅವರ ಮೂಲ ಯೋಚನೆ ಮೂರ್ಖತನದ್ದೇನೂ ಆಗಿರಲಿಲ್ಲ ಎಂದೇ ನನ್ನ ಎಣಿಕೆ; ಕೆಡಿಸಿದ್ದು ಅದನ್ನು ಮುಳುಗುತ್ತಿದ್ದ ಲೀಗ್‌ಗೆ ಗಂಟುಹಾಕಿದ್ದು. 1980ರ ದಶಕದ ಕೊನೆಗೆ ಅಮೆರಿಕದ ಫುಟ್‌ಬಾಲ್ ಫೆಡರೇಷನ್ ತಾನೇ ಆಟಗಾರರಿಗೆ ಸಂಬಳ ಕೊಟ್ಟು ಅವರನ್ನು ಒಟ್ಟಿಗೆ ಇಟ್ಟುಕೊಳ್ಳತೊಡಗಿತು. 1989ರ ನವೆಂಬರ್‌ನಲ್ಲಿ ಟ್ರಿನಿಡಾಡ್‌ನಲ್ಲಿ ಪಾಲ್ ಕ್ಯಾಲಿಜುರಿ ಹೊಡೆದ ಗೋಲಿನಿಂದ 40 ವರ್ಷಗಳ ಬಳಿಕ ವಿಶ್ವಕಪ್ ಪ್ರವೇಶ ದಕ್ಕಿತು. 1994ರ ವಿಶ್ವಕಪ್‌ಗೆ ಮುನ್ನ ಆಗಿನ ಕೋಚ್ ಬೋರಾ ಮಿಲುಟಿನೊವಿಚ್ ಕೂಡ ಕ್ಯಾಲಿಫೋರ್ನಿಯಾದ ಮಿಷನ್ ವಿಯೆಹೊದಲ್ಲಿ ತಂಡವನ್ನು ತಿಂಗಳುಗಟ್ಟಲೆ ಒಂದೇ ಕಡೆ ಇರಿಸಿ ಪಳಗಿಸಿದರು. ಆ ಬಾರಿ ಅಮೆರಿಕ ಗುಂಪು ಹಂತ ದಾಟಿತು. ಅದೇ ಕೂಟದಲ್ಲಿ ಪನಗುಲಿಯಾಸ್ ಗ್ರೀಸ್ ತಂಡದೊಡನೆ ಬಂದಿದ್ದರು. ಆಡಿದ ಮೂರೂ ಪಂದ್ಯಗಳನ್ನು ಸೋತು, ಒಂದೂ ಗೋಲು ಹೊಡೆಯದೆ ಮರಳಿದರು.