ಇನ್ನೂ ಎರಡು ಕೂಗು ಕೂಗಿಸಿದರೆ ಮಸಾಲೆ ಒಳಗೆ ಇಳಿಯುತ್ತದೆಯೇ?

ಪ್ರಶ್ನೆ: ಸೋಯಾ ಸಾಸ್, ವಿನೆಗರ್, ಬೆಳ್ಳುಳ್ಳಿ ಹಾಕಿ ಕೋಳಿಯನ್ನು ರಾತ್ರಿಯಿಡೀ ನೆನೆಸಿಟ್ಟು ಬೆಳಿಗ್ಗೆ ಕುಕ್ಕರ್‌ನಲ್ಲಿ ನಾಲ್ಕು ಕೂಗು ಕೂಗಿಸಿದೆ. ಹೊರಗೆ ಉಪ್ಪುಪ್ಪು, ಒಳಗೆ ಸಪ್ಪೆ, ಮಾಂಸವೆಲ್ಲ ನಾರು. ಇನ್ನೂ ಎರಡು ಕೂಗು ಕೂಗಿಸಿದ್ದರೆ ಒತ್ತಡಕ್ಕೆ ಮಸಾಲೆ ಒಳಗೆ ಇಳಿಯುತ್ತಿತ್ತೇ?

ಇಳಿಯುತ್ತಿರಲಿಲ್ಲ. ಆರು ಕೂಗಿಗೂ ಇಲ್ಲ, ಹತ್ತು ಕೂಗಿಗೂ ಇಲ್ಲ. ಹತ್ತನೆಯ ಕೂಗಿಗೆ ಕೋಳಿ ಎಲುಬು ಬಿಟ್ಟು ಎಳೆಎಳೆಯಾಗಿರುತ್ತದೆ, ಅಷ್ಟೇ. ಈ ಪ್ರಶ್ನೆಗೆ ಎಷ್ಟನೆಯ ಸಲ ಉತ್ತರ ಬರೆಯುತ್ತಿದ್ದೇನೆ ಎಂಬ ಲೆಕ್ಕವನ್ನು ನಾನು ಬಿಟ್ಟುಬಿಟ್ಟಿದ್ದೇನೆ. ಕೇಳುವವರು ಬದಲಾಗುತ್ತಾರೆ, ಸಾಸ್ ಬದಲಾಗುತ್ತದೆ, ಕೂಗಿನ ಸಂಖ್ಯೆ ಬದಲಾಗುತ್ತದೆ. ಆ ಒತ್ತಡದ ಮೇಲಿನ ಭಕ್ತಿ ಮಾತ್ರ ಕದಲುವುದಿಲ್ಲ.

ಅವಸರದಲ್ಲಿರುವವರಿಗೆ ಮೊದಲು ವಿಧಾನ ಹೇಳಿಬಿಡುತ್ತೇನೆ. ನೀವು ಮಾಡಿದ್ದು, ಗೊತ್ತಿದ್ದೋ ಗೊತ್ತಿಲ್ಲದೆಯೋ, ಫಿಲಿಪ್ಪೀನ್ಸ್‌ನ ಅಡೋಬೋ. ಒಂದು ಕಿಲೋ ಬ್ರಾಯ್ಲರ್ ಕೋಳಿ, ಆದಷ್ಟೂ ತೊಡೆ ಮತ್ತು ಕಾಲಿನ ತುಂಡುಗಳು. ಐದು ದೊಡ್ಡ ಚಮಚ ಸೋಯಾ ಸಾಸ್, ನಾಲ್ಕು ದೊಡ್ಡ ಚಮಚ ವಿನೆಗರ್, ಜಜ್ಜಿದ ಒಂದು ಇಡೀ ಗಡ್ಡೆ ಬೆಳ್ಳುಳ್ಳಿ, ಒಂದು ಸಣ್ಣ ಚಮಚ ಕಾಳುಮೆಣಸು, ಎರಡು ಪಲಾವ್ ಎಲೆ. ಉಪ್ಪು ಬೇಡ. ಒಂದೆರಡು ಗಂಟೆ ಫ್ರಿಜ್‌ನಲ್ಲಿ ನೆನೆಯಲಿ. ಆಮೇಲೆ ತುಂಡುಗಳನ್ನು ಎತ್ತಿ ಒರೆಸಿ, ಕುಕ್ಕರ್‌ನಲ್ಲೇ ಎಣ್ಣೆ ಕಾಯಿಸಿ ಕೆಂಪಗೆ ಹುರಿಯಿರಿ. ನೆನೆಸಿದ ರಸ ಮತ್ತು ಅರ್ಧ ಲೋಟ ನೀರು ಹಾಕಿ ಮುಚ್ಚಿ. ಒಂದು ಕೂಗು, ಸಣ್ಣ ಉರಿಯಲ್ಲಿ ಐದು ನಿಮಿಷ, ಒಲೆ ಆರಿಸಿ. ಒತ್ತಡ ತಾನಾಗಿ ಇಳಿಯಲಿ, ವೆಯ್ಟ್ ಎತ್ತಿ ಆವಿ ಬಿಡಬೇಡಿ. ಮುಚ್ಚಳ ತೆಗೆದು ತುಂಡುಗಳನ್ನು ಪಕ್ಕಕ್ಕಿಟ್ಟು, ರಸವನ್ನು ದೊಡ್ಡ ಉರಿಯಲ್ಲಿ ಕುದಿಸಿ ಗಟ್ಟಿ ಮಾಡಿ, ಬೇಕಿದ್ದರೆ ಒಂದು ಚಿಟಿಕೆ ಬೆಲ್ಲ ಹಾಕಿ. ತುಂಡುಗಳನ್ನು ಮತ್ತೆ ಅದರಲ್ಲಿ ಹೊರಳಾಡಿಸಿ. ಕುಕ್ಕರ್ ಸ್ಟೀಲಿನದಾಗಿರಲಿ; ಬರೀ ಅಲ್ಯೂಮಿನಿಯಂ ಪಾತ್ರೆಗೂ ವಿನೆಗರ್‌ಗೂ ಆಗಿಬರುವುದಿಲ್ಲ.

ಈಗ ಒತ್ತಡದ ವಿಷಯ.

ಒತ್ತಡ ಎಂದರೆ ಒತ್ತುವುದು, ಒತ್ತಿದರೆ ಒಳಗೆ ಹೋಗಲೇಬೇಕು ಎಂಬುದು ನಿಮ್ಮ ತರ್ಕ. ಕೇಳಲು ಚೆನ್ನಾಗಿದೆ. ಕೂಗುವ ಹೊತ್ತಿಗೆ ಕುಕ್ಕರ್‌ನೊಳಗೆ ಹೊರಗಿನ ಗಾಳಿಗಿಂತ ಚದರ ಸೆಂಟಿಮೀಟರಿಗೆ ಸುಮಾರು 1 ಕಿಲೋ ಹೆಚ್ಚು ಒತ್ತಡವಿರುವುದೂ ನಿಜ. ಆದರೆ ಆ ಒತ್ತಡ ಸಾಸಿನ ಮೇಲೆ ಎಷ್ಟಿದೆಯೋ ಮಾಂಸದ ಒಳಗಿನ ನೀರಿನ ಮೇಲೂ ಅಷ್ಟೇ ಇದೆ. ಹಸಿ ಕೋಳಿಮಾಂಸದ ನಾಲ್ಕರಲ್ಲಿ ಮೂರು ಪಾಲು ನೀರು. ಬಾವಿಯಲ್ಲಿ 10 ಮೀಟರ್ ಆಳಕ್ಕೆ ಇಳಿದರೆ ನೀರಿನ ಒತ್ತಡ ಹೆಚ್ಚುಕಡಿಮೆ ನಿಮ್ಮ ಕುಕ್ಕರಿನದ್ದೇ. ಕಂಠದವರೆಗೆ ತುಂಬಿದ ಕೊಡವೊಂದನ್ನು ಹಗ್ಗ ಕಟ್ಟಿ ಆ ಆಳಕ್ಕೆ ಬಿಡಿ. ಅಷ್ಟು ಒತ್ತಡ ಬಿತ್ತೆಂದು ಅದು ಇನ್ನೊಂದು ಲೋಟ ನೀರು ಹಿಡಿಯುತ್ತದೆಯೇ? ಕೋಳಿಯ ತುಂಡೂ ತುಂಬಿದ ಕೊಡವೇ.

ಸಾಲದ್ದಕ್ಕೆ, ಬೇಯುವಾಗ ನೀರಿನ ನಡಿಗೆ ಒಳಮುಖವಲ್ಲ, ಹೊರಮುಖ. ಬಿಸಿ ತಾಗಿದ ಮಾಂಸದ ಎಳೆಗಳು ಕುಗ್ಗುತ್ತವೆ, ಒದ್ದೆ ಬಟ್ಟೆ ಹಿಂಡಿದಂತೆ ಒಳಗಿನ ರಸವನ್ನು ಹೊರಗೆ ಹಾಕುತ್ತವೆ. ಬೆಂದ ಕೋಳಿಯ ತೂಕ ಹಸಿಯದಕ್ಕಿಂತ ಸುಮಾರು ಕಾಲು ಭಾಗ ಕಡಿಮೆಯಾಗುವುದು ಇದರಿಂದಲೇ. ಅರ್ಧ ಲೋಟ ನೀರು ಹಾಕಿ ಮುಚ್ಚಿದ ಕುಕ್ಕರ್ ತೆರೆದಾಗ ಎರಡು ಲೋಟ ರಸ ಕಾಣುತ್ತದಲ್ಲ, ಅದು ಎಲ್ಲಿಂದ ಬಂತು ಎಂದುಕೊಂಡಿರಿ? ಅಂಥ ಹೊತ್ತಿನಲ್ಲಿ ಸೋಯಾ ಸಾಸ್ ಒಳಗೆ ಹೋಗಬೇಕೆನ್ನುವುದು ಆಟ ಬಿಟ್ಟ ಹೊತ್ತಿನಲ್ಲಿ ಚಿತ್ರಮಂದಿರದ ಬಾಗಿಲಲ್ಲಿ ಎದುರು ನುಗ್ಗಿದಂತೆ.

ನಂಬಿಕೆ ಬಾರದಿದ್ದರೆ ಕೋಳಿಯನ್ನು ಹಾಳು ಮಾಡುವುದು ಬೇಡ. ಸಿಪ್ಪೆ ತೆಗೆದ ಇಡೀ ಆಲೂಗಡ್ಡೆಯೊಂದನ್ನು ಬೀಟ್‌ರೂಟ್ ಹೋಳುಗಳ ಜೊತೆ ಹಾಕಿ ಮೂರು ಕೂಗು ಕೂಗಿಸಿ ನಡುವೆ ಕತ್ತರಿಸಿ ನೋಡಿ. ಅಂಚಿನಲ್ಲಿ ಬೆರಳಿನ ಉಗುರಿನಷ್ಟು ದಪ್ಪದ ಕೆಂಪು, ಒಳಗೆಲ್ಲ ಆಲೂಗಡ್ಡೆಯ ಬಣ್ಣವೇ. ಸೋಯಾದಲ್ಲಿ ಬೆಂದ ಕೋಳಿಯ ಎದೆಭಾಗದ ತುಂಡನ್ನೂ ಅಡ್ಡ ಕೊಯ್ದು ನೋಡಿದ್ದೇನೆ: ಹೊರಗೆ ಎರಡು ಮೂರು ಮಿಲಿಮೀಟರ್ ಕಂದು ಗೆರೆ, ನಡುವೆ ಮಲ್ಲಿಗೆ ಬಿಳುಪು.

ಇಷ್ಟು ಹೇಳಿದ ಮೇಲೂ ಒಂದು ಆಕ್ಷೇಪ ಬಂದೇ ಬರುತ್ತದೆ. "ಹಾಗಾದರೆ ಎಲುಬಿನ ಪಕ್ಕದ ಮಾಂಸ ಕಪ್ಪಾಗಿರುತ್ತದಲ್ಲ, ಸಾಸ್ ಅಲ್ಲಿಯವರೆಗೆ ಇಳಿದಿಲ್ಲವೇ?" ಇದನ್ನು ಕೇಳುವವರ ಮುಖದಲ್ಲಿ ನನ್ನನ್ನು ಹಿಡಿದುಹಾಕಿದ ಸಂತೋಷ ಇರುತ್ತದೆ. ಆ ಕಪ್ಪು ಸಾಸ್ ಅಲ್ಲ. ಬ್ರಾಯ್ಲರ್ ಕೋಳಿಗೆ ಮಾರಾಟದ ಹೊತ್ತಿಗೆ ಆರೇಳು ವಾರ ವಯಸ್ಸು. ಎಲುಬು ಇನ್ನೂ ಬಲಿತಿರುವುದಿಲ್ಲ. ಬೇಯುವಾಗ ಮಜ್ಜೆಯ ಬಣ್ಣ ಆ ಎಳೆ ಎಲುಬಿನಿಂದ ಜಿನುಗಿ ಪಕ್ಕದ ಮಾಂಸಕ್ಕೆ ಹತ್ತುತ್ತದೆ. ಬರೀ ಉಪ್ಪು ನೀರಿನಲ್ಲಿ ಬೇಯಿಸಿದರೂ ಅಷ್ಟೇ ಕಪ್ಪು. ಬಣ್ಣ ಬಂದಿರುವುದು ಒಳಗಿನಿಂದ, ಹೆಸರು ಮಾತ್ರ ಸಾಸಿಗೆ.

ಹಾಗಾದರೆ ನೆನೆಸುವುದೇ ದಂಡವೇ? ಅಲ್ಲ. ಉಪ್ಪು ಒಳಗೆ ಇಳಿಯುತ್ತದೆ, ನಿಧಾನವಾಗಿ, ಒತ್ತಡದ ಹಂಗಿಲ್ಲದೆ. ಸೋಯಾ ಸಾಸಿನಲ್ಲಿ ಉಪ್ಪು ಬೇಕಾದಷ್ಟಿದೆ. ಒಂದು ದೊಡ್ಡ ಚಮಚದಲ್ಲಿ ಎರಡೂವರೆ ಗ್ರಾಮಿನ ಸುಮಾರು. ಹಾಗಾಗಿಯೇ ಬೇರೆ ಉಪ್ಪು ಬೇಡ ಎಂದೆ, ನೀವು ಹಾಕಿರುತ್ತೀರಿ ಎಂಬ ಗುಮಾನಿ ನನಗಿದೆ. ಬೆಳ್ಳುಳ್ಳಿ, ಮೆಣಸು, ಶುಂಠಿಯ ಘಮ ಮೇಲ್ಮೈ ಬಿಟ್ಟು ಹೋಗುವುದಿಲ್ಲ. ರಾತ್ರಿಯಿಡೀ ವಿನೆಗರ್‌ನಲ್ಲಿ ಕೂತ ತುಂಡಿನ ಹೊರಪದರ ಹಿಟ್ಟುಹಿಟ್ಟಾಗುತ್ತದೆ. ಹಸಿ ಶುಂಠಿಯೂ ಸೇರಿದರೆ ಇನ್ನೂ ಬೇಗ, ಯಾಕೆಂದರೆ ಪರಂಗಿಕಾಯಿಯಂತೆ ಶುಂಠಿಯಲ್ಲೂ ಮಾಂಸವನ್ನು ಕರಗಿಸುವ ಕಿಣ್ವವಿದೆ. ರುಚಿ ಬೇಕಿದ್ದರೆ ತುಂಡು ಚಿಕ್ಕದು ಮಾಡಿ, ದಪ್ಪ ಜಾಗದಲ್ಲಿ ಚಾಕುವಿನಿಂದ ಗೀರಿ, ಬೆಂದ ಮೇಲೆ ಗಟ್ಟಿ ರಸದಲ್ಲಿ ಅರ್ಧ ಗಂಟೆ ಬಿಡಿ.

ಕುಕ್ಕರಿನ ಒತ್ತಡಕ್ಕೆ ಇರುವುದು ಒಂದೇ ಕೆಲಸ: ನೀರು ಕುದಿಯುವ ಬಿಸಿಯನ್ನು 120 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಏರಿಸುವುದು. ಬಲಿತ ನಾಟಿ ಕೋಳಿಗೆ ಅದು ವರ. ಬ್ರಾಯ್ಲರ್ ಕೋಳಿಯ ನಡುಭಾಗ 74 ಡಿಗ್ರಿ ಮುಟ್ಟಿದರೆ ಸಾಕು, ಬೆಂದಂತೆ. ನಾಲ್ಕು ಕೂಗು ಅದಕ್ಕೆ ಶಿಕ್ಷೆ. ಕೂಗೂ ಕಾಲದ ಅಳತೆಯಲ್ಲ. ದೊಡ್ಡ ಉರಿಯಲ್ಲಿ ನಾಲ್ಕು ನಿಮಿಷಕ್ಕೆ ನಾಲ್ಕು ಕೂಗಬಹುದು, ಸಣ್ಣ ಉರಿಯಲ್ಲಿ ಇಪ್ಪತ್ತು ನಿಮಿಷಕ್ಕೂ ಒಂದು ಕೂಗದಿರಬಹುದು. ಗಡಿಯಾರ ನೋಡಿ.

ಯಾರೂ ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ: ವಿನೆಗರ್ ಬದಲು ಕೊಡಗಿನ ಕಾಚಂಪುಳಿ ಹಾಕಬಹುದೇ? ಅಡೋಬೋ ಎಂಬ ಹೆಸರೇ ಹೊರಗಿನವರು ಇಟ್ಟದ್ದು. ಫಿಲಿಪ್ಪೀನ್ಸ್‌ನ ಜನ ಮೊದಲಿನಿಂದಲೂ ಮಾಂಸವನ್ನು ವಿನೆಗರ್‌ನಲ್ಲಿ ಬೇಯಿಸುತ್ತಿದ್ದರು. ಅಲ್ಲಿಗೆ ಬಂದ ಸ್ಪೇನಿನವರು ತಮ್ಮ ನೆನೆಸಿಡುವ ಪದ್ಧತಿಯ ಹೆಸರನ್ನೇ ಅದಕ್ಕೂ ಅಂಟಿಸಿದರು. ಸೋಯಾ ಸಾಸ್ ಚೀನೀ ವ್ಯಾಪಾರಿಗಳ ಕೊಡುಗೆ. ಸೋಯಾ ಇಲ್ಲದ ಬಿಳಿ ಅಡೋಬೋ ಈಗಲೂ ಇದೆ. ಹುಳಿಯೇ ಅದರ ಜೀವಾಳ ಎಂದ ಮೇಲೆ ನಮ್ಮ ಹುಳಿಯನ್ನೂ ಒಮ್ಮೆ ನೋಡೋಣ ಅನ್ನಿಸಿತು.

ವಿನೆಗರಿನ ಹುಳಿ ಆವಿಯ ಜೊತೆ ಹಾರುವಂಥದ್ದು. ಮುಚ್ಚಿದ ಕುಕ್ಕರ್‌ನಲ್ಲಿ ಅದಕ್ಕೆ ದಾರಿಯಿಲ್ಲ, ಅದಕ್ಕೇ ಮುಚ್ಚಳ ತೆಗೆದ ತಕ್ಷಣ ಮೂಗಿಗೆ ಹೊಡೆಯುವುದು, ತೆರೆದು ಕುದಿಸಿದಾಗ ಹದವಾಗುವುದು. ಕಾಚಂಪುಳಿಯ ಕಥೆ ಬೇರೆ. ಮಲೆನಾಡಿನವರು ಉಪ್ಪಾಗೆ ಎನ್ನುವ ಹಣ್ಣಿನಿಂದ ತೊಟ್ಟಿಕ್ಕಿದ ರಸವನ್ನು ಕುದಿಸಿ ಕುದಿಸಿ ಕಪ್ಪಗೆ ಮಂದವಾಗಿಸಿದ್ದು ಅದು. ಅದರ ಹುಳಿ ಹಾರುವುದಿಲ್ಲ, ಕುದಿಸಿದಷ್ಟೂ ದಟ್ಟವಾಗುತ್ತದೆ. ಪಂದಿಕರಿಗೆ ಅದನ್ನು ಕೊನೆಯಲ್ಲಿ ಹಾಕುತ್ತಾರೆ, ಇಲ್ಲೂ ಹಾಗೆಯೇ ಮಾಡಿ. ನೆನೆಸಲು ಸೋಯಾ, ಬೆಳ್ಳುಳ್ಳಿ, ಮೆಣಸು ಮಾತ್ರ. ಕುಕ್ಕರ್ ತೆರೆದು ರಸ ಗಟ್ಟಿಯಾದ ಮೇಲೆ ಕಿಲೋಗೆ ಒಂದು ಸಣ್ಣ ಚಮಚ ಕಾಚಂಪುಳಿ, ರುಚಿ ನೋಡಿ ಇನ್ನರ್ಧ. ಇದನ್ನು ಅಡೋಬೋ ಎಂದರೆ ಮನಿಲಾದವರು ಒಪ್ಪಲಿಕ್ಕಿಲ್ಲ, ಪಂದಿಕರಿಯ ತಮ್ಮ ಎಂದರೆ ಮಡಿಕೇರಿಯವರೂ ಒಪ್ಪಲಿಕ್ಕಿಲ್ಲ. ನಾನಂತೂ ಕೊಡಗಿನ ಅಕ್ಕಿತರಿಯ ಉಂಡೆ ಕಡಂಬುಟ್ಟಿನ ಜೊತೆ ತಿಂದೆ, ರಸ ಉಳಿಯಲಿಲ್ಲ.