ಸಿಮ್ಯುಲೇಷನ್‌ಗೆ ಕಂಪ್ಯೂಟರ್ ಕೊಳ್ಳುವ ಮೊದಲು

ಪೀಣ್ಯದ ಒಂದು ಸಣ್ಣ ಕಾರ್ಖಾನೆಯ ಮಾಲೀಕರಾಗಲಿ, ಎಂಜಿನಿಯರಿಂಗ್ ಮೂರನೇ ವರ್ಷದ ಮಗಳ ಪರವಾಗಿ ಫೋನ್ ಮಾಡುವ ತಂದೆಯಾಗಲಿ, ನನ್ನನ್ನು ಕೇಳುವ ಪ್ರಶ್ನೆ ಒಂದೇ: ‘ಸಿಮ್ಯುಲೇಷನ್ ಸಾಫ್ಟ್‌ವೇರ್ ಹಾಕಬೇಕು, ಯಾವ ಕಂಪ್ಯೂಟರ್ ತೆಗೆದುಕೊಳ್ಳಲಿ?’ ಭಾಗವೊಂದನ್ನು ತಯಾರಿಸುವ ಮೊದಲೇ ಅದು ಭಾರಕ್ಕೆ ಹೇಗೆ ಬಾಗುತ್ತದೆ, ಒಳಗೆ ನೀರು, ಗಾಳಿ ಹೇಗೆ ಹರಿಯುತ್ತದೆ ಎಂದು ಲೆಕ್ಕ ಹಾಕಿ ತೋರಿಸುವ ಸಾಫ್ಟ್‌ವೇರ್ ಇದು. ಅಂಗಡಿಯವರು ಅಷ್ಟರಲ್ಲಿ ಒಂದು ಕೊಟೇಶನ್ ಕೊಟ್ಟಿರುತ್ತಾರೆ. ಅದರಲ್ಲಿ ದುಬಾರಿ ಗ್ರಾಫಿಕ್ಸ್ ಕಾರ್ಡ್ ಇರುತ್ತದೆ, ಕೋರ್‌ಗಳು ಧಾರಾಳವಾಗಿರುತ್ತವೆ, ಮೆಮೊರಿ ಮಾತ್ರ 16 ಜಿಬಿ. ದುಡ್ಡು ಎಲ್ಲಿ ಬೇಕೋ ಅಲ್ಲಿ ಬಿದ್ದಿರುವುದಿಲ್ಲ.

ಸಾಫ್ಟ್‌ವೇರ್ ಕಂಪನಿಗಳು ಪ್ರಕಟಿಸುವ ‘ಕನಿಷ್ಠ ಅಗತ್ಯ’ವನ್ನು ಮೊದಲು ಸರಿಯಾಗಿ ಅರ್ಥ ಮಾಡಿಕೊಳ್ಳಬೇಕು. ಅಷ್ಟಿದ್ದರೆ ಪ್ರೋಗ್ರಾಂ ತೆರೆದುಕೊಳ್ಳುತ್ತದೆ, ಮೆನು ಕಾಣುತ್ತದೆ, ಚಿಕ್ಕ ಉದಾಹರಣೆ ಓಡುತ್ತದೆ. ನಿಮ್ಮ ಬ್ರಾಕೆಟ್, ನಿಮ್ಮ ಪಂಪಿನ ಕೇಸಿಂಗ್, ನಿಮ್ಮ ವಾಲ್ವ್ ಓಡುತ್ತದೆಯೇ ಎಂಬುದನ್ನು ಆ ಪಟ್ಟಿ ಹೇಳುವುದಿಲ್ಲ. ಅದನ್ನು ಹೇಳುವುದು, ಲೆಕ್ಕಕ್ಕಾಗಿ ಮಾದರಿಯನ್ನು ಸಣ್ಣ ತುಂಡುಗಳಾಗಿ (ಎಲಿಮೆಂಟ್ ಅಥವಾ ಸೆಲ್) ಕತ್ತರಿಸಿದ ಜಾಲ, ಅಂದರೆ ಮೆಶ್‌ನ ಗಾತ್ರ. ಆದ್ದರಿಂದ ಲೆಕ್ಕವನ್ನು ಸಮಸ್ಯೆಯಿಂದ ಶುರು ಮಾಡಿ ಯಂತ್ರದ ಕಡೆಗೆ ಬರಬೇಕು. ಹಾಗೆ ಬಂದಾಗಲೆಲ್ಲ ಮೊದಲು ಎದುರಾಗುವುದು ಮೆಮೊರಿ, ಅಂದರೆ ರ‍್ಯಾಮ್.

ಭಾರಕ್ಕೆ ಭಾಗ ಹೇಗೆ ಬಾಗುತ್ತದೆ ಎಂದು ನೋಡುವ ರಚನಾ ವಿಶ್ಲೇಷಣೆಯನ್ನೇ ತೆಗೆದುಕೊಳ್ಳಿ. ಘನ ಮಾದರಿಯಲ್ಲಿ ತುಂಡುಗಳು ಸೇರುವ ಪ್ರತಿ ಬಿಂದುವಿಗೂ, ಅಂದರೆ ಪ್ರತಿ ನೋಡ್‌ಗೂ ಮೂರು ದಿಕ್ಕಿನ ಚಲನೆ, ಅಂದರೆ ಮೂರು ಸಮೀಕರಣ. ಐದು ಲಕ್ಷ ನೋಡ್‌ಗಳಿದ್ದರೆ ಹದಿನೈದು ಲಕ್ಷ ಸಮೀಕರಣ. ಆನ್ಸಿಸ್ ಎಂಬ ಸಿಮ್ಯುಲೇಷನ್ ಸಾಫ್ಟ್‌ವೇರ್‌ನಲ್ಲಿರುವಂಥ ನೇರ ಸಾಲ್ವರ್ (ಸಮೀಕರಣ ಬಿಡಿಸುವ ಭಾಗ) ಇವನ್ನು ಪೂರ್ತಿಯಾಗಿ ರ‍್ಯಾಮ್‌ನಲ್ಲೇ ಇಟ್ಟುಕೊಂಡು ಬಿಡಿಸಲು ಹತ್ತು ಲಕ್ಷ ಸಮೀಕರಣಕ್ಕೆ ಸುಮಾರು 10 ಜಿಬಿ ಬೇಕು ಎಂಬುದು ಅಂದಾಜಿಗೆ ಹಿಡಿಯುವ ಲೆಕ್ಕ. ಅಲ್ಲಿಗೆ ಸಾಲ್ವರ್ ಒಂದಕ್ಕೇ 15 ಜಿಬಿ ಆಯಿತು. ಆಪರೇಟಿಂಗ್ ಸಿಸ್ಟಮ್, ಮಾದರಿ ತೆರೆದಿಟ್ಟ ವಿಂಡೋ, ಬ್ರೌಸರ್ ಎಲ್ಲ ಬೇರೆ. ತೆಳು ತಗಡಿನ ಮಾದರಿಗಿಂತ ದಪ್ಪ ಎರಕದ ಮಾದರಿ ಇನ್ನೂ ಹೆಚ್ಚು ಕೇಳುತ್ತದೆ. ಜಾಗ ಸಾಲದಿದ್ದರೆ ಸಾಲ್ವರ್ ನಿಲ್ಲುವುದಿಲ್ಲ, ಡಿಸ್ಕ್‌ಗೆ ಬರೆದು ಓದಿ, ಬರೆದು ಓದಿ ಕೆಲಸ ಮುಂದುವರಿಸುತ್ತದೆ. ನಿಮಿಷಗಳಲ್ಲಿ ಮುಗಿಯಬೇಕಾದದ್ದು ಗಂಟೆಗಳಿಗೆ ಎಳೆಯುವುದು ಹೀಗೆ. ಕಂಪ್ಯೂಟರ್ ನಿಧಾನ ಎಂದು ಬೈಯುವ ಮೊದಲು ಸಾಲ್ವರ್ ಬರೆಯುವ ವರದಿಯನ್ನು ತೆರೆದು ನೋಡಿ. ಪೂರ್ತಿ ರ‍್ಯಾಮ್‌ನಲ್ಲಿ ಬಿಡಿಸಲು ಎಷ್ಟು ಎಂಬಿ ಬೇಕಿತ್ತು, ಡಿಸ್ಕ್ ಬಳಸಿದರೆ ಎಷ್ಟು ಸಾಕಿತ್ತು, ಕೊನೆಗೆ ಯಾವ ದಾರಿ ಹಿಡಿಯಿತು ಎಂಬುದೆಲ್ಲ ಅಲ್ಲಿ ಸ್ಪಷ್ಟವಾಗಿ ಇರುತ್ತದೆ. ಹೊಸ ಯಂತ್ರಕ್ಕೆ ಎಷ್ಟು ರ‍್ಯಾಮ್ ಬೇಕು ಎಂದು ತೀರ್ಮಾನಿಸಲು ಆ ಸಾಲುಗಳಿಗಿಂತ ಒಳ್ಳೆಯ ಆಧಾರ ಇಲ್ಲ.

ಇಲ್ಲಿ ಒಂದು ಎಚ್ಚರಿಕೆ. ಎಲಿಮೆಂಟ್ ಗಾತ್ರವನ್ನು ಅರ್ಧಕ್ಕೆ ಇಳಿಸಿದರೆ ಸಂಖ್ಯೆ ಎರಡು ಪಟ್ಟಲ್ಲ, ಮೂರು ಆಯಾಮದಲ್ಲಿ ಎಂಟು ಪಟ್ಟಾಗುತ್ತದೆ. ನೇರ ಸಾಲ್ವರ್‌ನ ಮೆಮೊರಿ ಅದಕ್ಕಿಂತಲೂ ಜೋರಾಗಿ ಏರುತ್ತದೆ. ಇಡೀ ಮಾದರಿಯನ್ನು ಸಣ್ಣಗೆ ಕತ್ತರಿಸುವ ಬದಲು ಒತ್ತಡ ಹೆಚ್ಚಿರುವ ಮೂಲೆಯಲ್ಲಷ್ಟೇ ಮೆಶ್ ಸಣ್ಣದು ಮಾಡಿದರೆ ಎಷ್ಟೋ ಸಲ ಹೊಸ ಕಂಪ್ಯೂಟರ್‌ನ ಪ್ರಶ್ನೆಯೇ ಏಳುವುದಿಲ್ಲ.

ದ್ರವ, ಗಾಳಿಯ ಹರಿವಿನ ಲೆಕ್ಕದಲ್ಲಿ ಕತೆ ಬೇರೆ. ಅಲ್ಲಿ ಹತ್ತು ಲಕ್ಷ ಸೆಲ್‌ಗಳಿಗೆ ಒಂದೆರಡು ಜಿಬಿ ಸಾಕು. ಆದರೆ ಆ ಮೆಮೊರಿಯಿಂದ ಪ್ರೊಸೆಸರ್‌ಗೆ ದತ್ತಾಂಶ ಎಷ್ಟು ವೇಗವಾಗಿ ಹರಿಯುತ್ತದೆ ಎಂಬುದರ ಮೇಲೆ ಎಲ್ಲವೂ ನಿಂತಿರುತ್ತದೆ. ಎಂಟು ಜನ ಮೇಸ್ತ್ರಿಗಳು ಗೋಡೆ ಕಟ್ಟಲು ನಿಂತಿದ್ದರೂ ಗಾರೆ ತಂದುಕೊಡುವವರು ಇಬ್ಬರೇ ಆದರೆ ಉಳಿದವರು ಕರಣೆ ಹಿಡಿದು ಕಾಯಬೇಕಾಗುತ್ತದೆ. ಡಿಡಿಆರ್5-5600 ಬಗೆಯ ಮೆಮೊರಿಯಿಂದ ಪ್ರೊಸೆಸರ್‌ಗೆ ಹೋಗುವ ಒಂದು ದಾರಿ, ಅಂದರೆ ಒಂದು ಚಾನೆಲ್, ಸೆಕೆಂಡಿಗೆ ಗರಿಷ್ಠ 44.8 ಜಿಬಿ ಕೊಡಬಲ್ಲದು, ಎರಡು ಚಾನೆಲ್ ಸೇರಿದರೆ 89.6 ಜಿಬಿ. ಸಾಮಾನ್ಯ ಡೆಸ್ಕ್‌ಟಾಪ್‌ಗಳಲ್ಲಿ ಇರುವುದು ಎರಡೇ ಚಾನೆಲ್. ಎಎಂಡಿಯ ಎಪಿಕ್ 9004 ಸರಣಿಯ ಸರ್ವರ್ ಪ್ರೊಸೆಸರ್‌ಗೆ ಹನ್ನೆರಡು ಚಾನೆಲ್. ಡಿಡಿಆರ್5-4800 ಹಾಕಿದರೆ ಸೆಕೆಂಡಿಗೆ ಸುಮಾರು 460 ಜಿಬಿ. ಗಡಿಯಾರದ ವೇಗ ಕಡಿಮೆಯಿದ್ದರೂ ಆ ಯಂತ್ರ ಹರಿವಿನ ಲೆಕ್ಕದಲ್ಲಿ ಮುಂದೆ ಓಡುವುದಕ್ಕೆ ಕಾರಣ ಇದು.

ಇದರಿಂದ ಅಂಗಡಿಯಲ್ಲೇ ಮಾಡಬಹುದಾದ ಒಂದು ಕೆಲಸವಿದೆ. ಕೊಟೇಶನ್‌ನಲ್ಲಿ ‘32 ಜಿಬಿ’ ಎಂದಷ್ಟೇ ಇದ್ದರೆ, ಒಂದೇ ಸ್ಟಿಕ್ಕೋ ಎರಡೋ ಎಂದು ಕೇಳಿ. ಒಂದೇ 32 ಜಿಬಿ ಸ್ಟಿಕ್ ಹಾಕಿಕೊಟ್ಟರೆ ನಿಮ್ಮ ಚಾನೆಲ್‌ಗಳಲ್ಲಿ ಒಂದು ಖಾಲಿ ಬಿದ್ದಿರುತ್ತದೆ, ಹರಿವು ಅರ್ಧಕ್ಕೆ ಇಳಿದಿರುತ್ತದೆ. ಎರಡು 16 ಜಿಬಿ ಸ್ಟಿಕ್‌ಗಳನ್ನು ಮದರ್‌ಬೋರ್ಡ್ ಪುಸ್ತಕದಲ್ಲಿ ಹೇಳಿರುವ ಸ್ಲಾಟ್‌ಗಳಲ್ಲೇ ಹಾಕಿಸಿ. ನಾಲ್ಕು ಸ್ಟಿಕ್ ಹಾಕಿದರೆ ಚಾನೆಲ್ ನಾಲ್ಕಾಗುವುದಿಲ್ಲ. ಡಿಡಿಆರ್5 ಡೆಸ್ಕ್‌ಟಾಪ್‌ನಲ್ಲಿ ನಾಲ್ಕೂ ತುಂಬಿದಾಗ ವೇಗ ಕೆಳಗಿಳಿಯುವುದೇ ಸಾಮಾನ್ಯ. ಹೆಚ್ಚು ಬೇಕಾದವರು ದೊಡ್ಡ ಸ್ಟಿಕ್‌ಗಳ ಒಂದು ಜೋಡಿಯನ್ನೇ ತೆಗೆದುಕೊಳ್ಳಲಿ.

ಕೋರ್‌ಗಳ ವಿಷಯವನ್ನು ನಂಬಿಕೆಗೆ ಬಿಡದೆ ಅಳೆದು ನೋಡಬಹುದು. ನಿಮ್ಮದೇ ಒಂದು ಕೇಸ್ (ಲೆಕ್ಕಕ್ಕೆ ಸಿದ್ಧಪಡಿಸಿದ ಸಮಸ್ಯೆ) ತೆಗೆದುಕೊಂಡು 1, 2, 4, 6, 8 ಕೋರ್‌ಗಳಲ್ಲಿ ಸ್ವಲ್ಪ ಹೊತ್ತು ಓಡಿಸಿ, ಲೆಕ್ಕದ ಒಂದು ಸುತ್ತು ಮುಗಿಯಲು ಎಷ್ಟು ಸೆಕೆಂಡ್ ಹಿಡಿಯಿತು ಎಂದು ಬರೆದುಕೊಳ್ಳಿ. ಎರಡು ಚಾನೆಲ್‌ನ ಯಂತ್ರದಲ್ಲಿ ಮೊದಲ ಕೆಲವು ಕೋರ್‌ಗಳವರೆಗೆ ಸಮಯ ಚೆನ್ನಾಗಿ ಇಳಿದು, ಆಮೇಲೆ ಗೆರೆ ಸಮತಟ್ಟಾಗುತ್ತದೆ. ಎಲ್ಲಿ ಸಮತಟ್ಟಾಯಿತೋ ಅಲ್ಲಿಂದಾಚೆಯ ಕೋರ್‌ಗಳಿಗೆ ಕೊಟ್ಟ ಹಣ ಈ ಕೆಲಸಕ್ಕೆ ಬರಲಿಲ್ಲ. ಇನ್ನೊಂದು ಮಿತಿಯೂ ಇದೆ: ಒಂದು ಕೋರ್ ಪಾಲಿಗೆ 50,000 ಸೆಲ್‌ಗಳಿಗಿಂತ ಕಡಿಮೆ ಬಂದರೆ ಲೆಕ್ಕಕ್ಕಿಂತ ಕೋರ್‌ಗಳ ನಡುವಿನ ಮಾತುಕತೆಯೇ ಹೆಚ್ಚಾಗತೊಡಗುತ್ತದೆ. 2021ರಿಂದ ಬಂದ ಇಂಟೆಲ್‌ನ ಹಲವು ಡೆಸ್ಕ್‌ಟಾಪ್ ಪ್ರೊಸೆಸರ್‌ಗಳಲ್ಲಿ ವೇಗದ ಕೋರ್, ಮಿತವ್ಯಯದ ಕೋರ್ ಎಂದು ಎರಡು ಬಗೆ ಇರುತ್ತವೆ. ಕೆಲಸವನ್ನು ಸಮನಾಗಿ ಹಂಚಿದರೆ ವೇಗದವು ತಮ್ಮ ಪಾಲು ಮುಗಿಸಿ ನಿಧಾನದವುಗಳಿಗಾಗಿ ಕಾಯುತ್ತವೆ. ಅಂಥ ಯಂತ್ರದಲ್ಲಿ ವೇಗದ ಕೋರ್‌ಗಳಷ್ಟನ್ನೇ ಸಾಲ್ವರ್‌ಗೆ ಕೊಡಿ. ಟಾಸ್ಕ್ ಮ್ಯಾನೇಜರ್ ತೋರಿಸುವ ‘ಲಾಜಿಕಲ್ ಪ್ರೊಸೆಸರ್’ಗಳ ಸಂಖ್ಯೆಯನ್ನು (ಅದರಲ್ಲಿ ಒಂದು ಕೋರನ್ನು ಎರಡೆಂದು ಎಣಿಸಿರಬಹುದು) ನೋಡಿ ಅಷ್ಟಕ್ಕೂ ಹಂಚುವುದಂತೂ ಬೇಡ.

ಗ್ರಾಫಿಕ್ಸ್ ಕಾರ್ಡ್ ಬಗ್ಗೆ ನನ್ನ ಅಭಿಪ್ರಾಯ ಗಟ್ಟಿಯಾಗಿದೆ. ಮಾದರಿಯನ್ನು ತಿರುಗಿಸಿ ನೋಡಲು ಸಾಧಾರಣ ಕಾರ್ಡ್ ಸಾಕು. ಗೇಮಿಂಗ್ ಕಾರ್ಡ್‌ಗಳಲ್ಲಿ ಇಂಥ ಕೆಲಸಕ್ಕೆ ಸಾಮಾನ್ಯವಾಗಿ ಬೇಕಾಗುವ ಡಬಲ್ ಪ್ರಿಸಿಷನ್ (ಹೆಚ್ಚು ಅಂಕಿಗಳ ನಿಖರತೆಯ) ಲೆಕ್ಕದ ಶಕ್ತಿಯನ್ನು ತುಂಬಾ ಕಡಿಮೆ ಇಟ್ಟಿರುತ್ತಾರೆ. ಎನ್‌ವಿಡಿಯಾದ ಆರ್‌ಟಿಎಕ್ಸ್ 40 ಸರಣಿಯಲ್ಲಿ ಅದು ಸಿಂಗಲ್ ಪ್ರಿಸಿಷನ್‌ನ ಅರವತ್ತನಾಲ್ಕರಲ್ಲಿ ಒಂದು ಪಾಲು. ಹರಿವಿನ ಲೆಕ್ಕ ಮಾಡುವ ಫ್ಲುಯೆಂಟ್‌ನಂಥ ಸಾಫ್ಟ್‌ವೇರ್‌ಗಳಲ್ಲಿ ಪೂರ್ತಿ ಲೆಕ್ಕವನ್ನು ಕಾರ್ಡ್ ಮೇಲೆಯೇ ಓಡಿಸುವ ಸಾಲ್ವರ್ ಬಂದಿದೆ ನಿಜ, ಅದರ ವೇಗವೂ ದೊಡ್ಡದೇ. ಆದರೆ ಇಡೀ ಕೇಸ್ ಕಾರ್ಡಿನ ಮೆಮೊರಿಯೊಳಗೇ ಹಿಡಿಸಬೇಕು, ನಿಮಗೆ ಬೇಕಾದ ಭೌತಿಕ ಮಾದರಿ ಅದರಲ್ಲಿ ಲಭ್ಯವಿರಬೇಕು, ಲೈಸೆನ್ಸ್‌ನಲ್ಲೂ ಅದಕ್ಕೆ ಅವಕಾಶ ಇರಬೇಕು. ಇವು ಮೂರನ್ನೂ ಖಚಿತಪಡಿಸಿಕೊಂಡವರು ಕಾರ್ಡ್ ಕೊಳ್ಳಲಿ.

ಫೋನ್ ಮಾಡುವ ತಂದೆಗೆ ನಾನು ಹೇಳುವುದು ಇಷ್ಟು. ಆನ್ಸಿಸ್‌ನ ಉಚಿತ ವಿದ್ಯಾರ್ಥಿ ಆವೃತ್ತಿಯಲ್ಲಿ ರಚನಾ ವಿಶ್ಲೇಷಣೆಗೆ 1,28,000 ನೋಡ್ ಅಥವಾ ಎಲಿಮೆಂಟ್, ಹರಿವಿಗೆ 10 ಲಕ್ಷ ಸೆಲ್‌ಗಳ ಮಿತಿ ಇದೆ. ಮೇಲಿನ ಲೆಕ್ಕ ಹಾಕಿ ನೋಡಿ: ಮೊದಲನೆಯದಕ್ಕೆ 4 ಜಿಬಿ, ಎರಡನೆಯದಕ್ಕೆ 2 ಜಿಬಿ ಸುತ್ತಮುತ್ತ. 16 ಜಿಬಿ ಇರುವ, ಎಸ್‌ಎಸ್‌ಡಿ ಇರುವ ಸಾದಾ ಲ್ಯಾಪ್‌ಟಾಪ್ ಓದು ಮುಗಿಯುವವರೆಗೂ ಸಾಕು. ಸಾಲ ಮಾಡಿ ಗೇಮಿಂಗ್ ಲ್ಯಾಪ್‌ಟಾಪ್ ಕೊಡಿಸುವ ಅಗತ್ಯ ಖಂಡಿತ ಇಲ್ಲ. ಈ ಮಾತನ್ನು ಕಾಲೇಜುಗಳೇ ಮೊದಲ ದಿನ ಹೇಳಿದರೆ ಎಷ್ಟು ಮನೆಗಳ ಹಣ ಉಳಿಯುತ್ತದೆ!

ಮಿತಿಯೇ ಬೇಡ ಎನ್ನುವವರಿಗೆ 2004ರಿಂದ ಮುಕ್ತವಾಗಿ ಸಿಗುತ್ತಿರುವ ಹರಿವಿನ ಸಾಫ್ಟ್‌ವೇರ್ ಓಪನ್‌ಫೋಮ್ ಇದೆ. ಮುಕ್ತ ಸಾಫ್ಟ್‌ವೇರ್ ಬಳಕೆಯನ್ನು ಬೆಳೆಸುವ ಐಐಟಿ ಬಾಂಬೆಯ ಫಾಸಿ (FOSSEE) ಯೋಜನೆ ಅದರ ಕಲಿಕೆಗೆ ಒಳ್ಳೆಯ ನೆರವು ಕೊಡುತ್ತದೆ. ಓಪನ್‌ಫೋಮ್ ಲಿನಕ್ಸ್‌ನದು. ವಿಂಡೋಸ್ ಬಿಡಲಾಗದವರು ವಿಂಡೋಸ್‌ನಲ್ಲೇ ಲಿನಕ್ಸ್ ಓಡಿಸುವ ಡಬ್ಲ್ಯುಎಸ್‌ಎಲ್2 (WSL2) ಒಳಗೆ ಲಿನಕ್ಸ್‌ನ ಒಂದು ರೂಪವಾದ ಉಬುಂಟು ಹಾಕಿ ಓಡಿಸಬಹುದು. ಹಾಗೆ ಮಾಡುವಾಗ ಎರಡು ವಿಷಯ ಎಲ್ಲರನ್ನೂ ಕಾಡುತ್ತವೆ. ಒಂದು, ಡಬ್ಲ್ಯುಎಸ್‌ಎಲ್2 ತಾನಾಗಿ ತೆಗೆದುಕೊಳ್ಳುವುದು ಯಂತ್ರದ ಅರ್ಧದಷ್ಟು ಮೆಮೊರಿಯನ್ನು ಮಾತ್ರ. 16 ಜಿಬಿ ಲ್ಯಾಪ್‌ಟಾಪ್‌ನಲ್ಲಿ ಮೆಶ್ ಮಾಡುವಾಗ ಪ್ರಕ್ರಿಯೆ ಹಠಾತ್ತನೆ ಸತ್ತರೆ ಕಾರಣ ಬಹುತೇಕ ಇದೇ. ವಿಂಡೋಸ್ ಬಳಕೆದಾರರ ಫೋಲ್ಡರ್‌ನಲ್ಲಿ ಡಬ್ಲ್ಯುಎಸ್‌ಎಲ್‌ನ ಸೆಟ್ಟಿಂಗ್ ಕಡತ ಬರೆದು ಮಿತಿಯನ್ನು ಹೆಚ್ಚಿಸಬೇಕು. ಎರಡು, ಕೇಸ್ ಫೋಲ್ಡರ್ ವಿಂಡೋಸ್‌ನ ಸಿ ಡ್ರೈವ್‌ನಲ್ಲಿ ಇರಬಾರದು. ಓಪನ್‌ಫೋಮ್ ಸಾವಿರಾರು ಸಣ್ಣ ಕಡತಗಳನ್ನು ಬರೆಯುತ್ತದೆ, ಎರಡು ಕಡತ ವ್ಯವಸ್ಥೆಗಳ ನಡುವೆ ಅವು ತೆವಳುತ್ತವೆ. ಉಬುಂಟುವಿನ ಹೋಮ್ ಫೋಲ್ಡರ್‌ನಲ್ಲೇ ಇಡಿ.

ಇನ್‌ಸ್ಟಾಲ್ ಮಾಡುವಾಗ ಬರುವ ತೊಂದರೆಗಳಲ್ಲಿ ಹೆಚ್ಚಿನವು ಫೋಲ್ಡರ್ ಹೆಸರಿಗೂ ಲೈಸೆನ್ಸ್‌ಗೂ ಸಂಬಂಧಿಸಿದವು. ಕನ್ನಡದಲ್ಲಿ ಕಡತಕ್ಕೆ ಹೆಸರಿಡುವುದು ನನಗೆ ಇಷ್ಟ, ಆದರೆ ಸಿಮ್ಯುಲೇಷನ್ ಫೋಲ್ಡರ್‌ಗೆ ಇಂಗ್ಲಿಷ್ ಅಕ್ಷರ, ಅಂಕಿ ಮಾತ್ರ ಬಳಸುತ್ತೇನೆ. ನಡುವೆ ಖಾಲಿ ಜಾಗವೂ ಬೇಡ. ಒಳಗಿನ ಹಳೆಯ ಸ್ಕ್ರಿಪ್ಟ್‌ಗಳಿಗೆ ಬೇರೆ ಲಿಪಿ, ಖಾಲಿ ಜಾಗ ಇನ್ನೂ ಅರ್ಥವಾಗುವುದಿಲ್ಲ. ಒನ್‌ಡ್ರೈವ್ ನಕಲು ಮಾಡುತ್ತಿರುವ ಫೋಲ್ಡರ್‌ನಲ್ಲಿ ಸಾಲ್ವರ್ ಓಡಿಸಿದರೆ ಇಬ್ಬರೂ ಒಂದೇ ಕಡತಕ್ಕೆ ಕೈಹಾಕಿ ಲೆಕ್ಕ ಮುರಿಯುತ್ತದೆ. ಕಚೇರಿಯಲ್ಲಿ ಲೈಸೆನ್ಸ್ ಸರ್ವರ್ ಇದ್ದರೆ ಫೈರ್‌ವಾಲ್‌ನಲ್ಲಿ ಒಂದು ಪೋರ್ಟ್ ತೆರೆದು ಸುಮ್ಮನಾಗಬೇಡಿ. ಲೈಸೆನ್ಸ್ ಹಂಚುವ ಫ್ಲೆಕ್ಸ್‌ನೆಟ್ ವ್ಯವಸ್ಥೆಯಲ್ಲಿ ಮುಖ್ಯ ಪೋರ್ಟ್ ಅಲ್ಲದೆ ಕಂಪನಿಯ ಸೇವೆಗೆ ಇನ್ನೊಂದು ಪೋರ್ಟ್ ಇರುತ್ತದೆ. ಲೈಸೆನ್ಸ್ ಕಡತದಲ್ಲಿ ಅದನ್ನು ನಿಗದಿ ಮಾಡದಿದ್ದರೆ ಸರ್ವರ್ ಮತ್ತೆ ಶುರುವಾದಾಗ ಬದಲಾಗಬಹುದು. ನಿನ್ನೆ ಓಡಿದ್ದು ಇಂದು ಓಡದಿರುವುದಕ್ಕೆ ಇದೂ ಒಂದು ಕಾರಣ.

ರಾತ್ರಿಯಿಡೀ ಓಡುವ ಕೆಲಸಕ್ಕೆ ಯುಪಿಎಸ್ ಇರಲೇಬೇಕು. ಸ್ಲೀಪ್ ನಿಲ್ಲಿಸಿ, ವಿಂಡೋಸ್ ಅಪ್‌ಡೇಟ್ ಮುಂದೂಡಿ, ಫಲಿತಾಂಶ ನಡುನಡುವೆ ಉಳಿಯುವಂತೆ ಅಂತರ ಕೊಡಿ.

ಎಲ್ಲ ಆದ ಮೇಲೆ ನಿಮ್ಮ ಕೇಸ್ ಓಡಿಸುವ ಮೊದಲು ಉತ್ತರ ಗೊತ್ತಿರುವ ಒಂದು ಕೇಸ್ ಓಡಿಸಿ. ನಾನು ಬಳಸುವುದು ಒಂದು ತುದಿ ಬಿಗಿದ ಉಕ್ಕಿನ ತೊಲೆ: ಉದ್ದ 1000 ಮಿ.ಮೀ., ಅಗಲ 20, ಎತ್ತರ 40, ತುದಿಯಲ್ಲಿ 500 ನ್ಯೂಟನ್ ಭಾರ, ಸ್ಥಿತಿಸ್ಥಾಪಕ ಗುಣಾಂಕ 2,00,000 ಮೆಗಾಪಾಸ್ಕಲ್. ಪಠ್ಯಪುಸ್ತಕದ ಸೂತ್ರದಂತೆ ತುದಿ 7.81 ಮಿ.ಮೀ. ಬಾಗಬೇಕು. ಸಾಫ್ಟ್‌ವೇರ್ 7.82ರ ಸುತ್ತ ಕೊಟ್ಟರೆ ಸರಿ, ಆ ಚೂರು ವ್ಯತ್ಯಾಸ ಸೂತ್ರ ಲೆಕ್ಕಕ್ಕೆ ತೆಗೆದುಕೊಳ್ಳದ, ಪದರಗಳು ಒಂದರ ಮೇಲೊಂದು ಜಾರುವ ಶಿಯರ್‌ನಿಂದ ಬಂದದ್ದು. ಸಾವಿರ ಪಟ್ಟು ಹೆಚ್ಚೋ ಕಡಿಮೆಯೋ ಬಂದರೆ ಮೊದಲು ಯೂನಿಟ್‌ಗಳನ್ನು ನೋಡಿ. ಈ ಕೇಸ್ ಮತ್ತು ಅದು ಓಡಿದ ಸಮಯ ಎರಡನ್ನೂ ದಾಖಲಿಸಿಡಿ. ಹೊಸ ಆವೃತ್ತಿ ಹಾಕಿದಾಗ, ಡ್ರೈವರ್ ಬದಲಿಸಿದಾಗ, ಮೆಮೊರಿ ಸೇರಿಸಿದಾಗ ಮೊದಲು ಇದನ್ನೇ ಓಡಿಸಿ ಹೋಲಿಸಿಕೊಳ್ಳಿ.